ಹಾರಾಟ ನಿಯಂತ್ರಣದ ಕಡ್ಡಾಯ ಮಾರ್ಪಾಡು: ಒಂದಕ್ಕೆ ಆರು ವರ್ಷ, ಇನ್ನೊಂದಕ್ಕೆ ಒಂದು ದಿನ. ಗಡುವು ನಿರ್ಧಾರವಾಗುವುದು ಹೇಗೆ?

ಬಾಲರೆಕ್ಕೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ವಿಮಾನ ನಿರ್ವಹಣೆಯ ವಿದ್ಯಾರ್ಥಿ. ಏರ್‌ವರ್ದಿನೆಸ್ ಡೈರೆಕ್ಟಿವ್, ಅಂದರೆ ಹ್ಯಾಂಗರ್‌ಗಳಲ್ಲಿ ಎಲ್ಲರೂ ಎ.ಡಿ. ಎಂದೇ ಕರೆಯುವ ಆದೇಶಕ್ಕೆ ಕಾನೂನಿನ ಬಲವಿದೆ ಎಂದು ಪಾಠದಲ್ಲಿ ಓದಿದ್ದೇನೆ. ಆದರೆ ಹಾರಾಟ ನಿಯಂತ್ರಣಕ್ಕೆ ಸಂಬಂಧಿಸಿದ ಎರಡು ಆದೇಶಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಗೊಂದಲ ಹುಟ್ಟಿತು. ಬೋಯಿಂಗ್ 737 ವಿಮಾನಗಳ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕ) ನಿಯಂತ್ರಣ ವ್ಯವಸ್ಥೆಯನ್ನು ಹೊಸ ವಿನ್ಯಾಸಕ್ಕೆ ಬದಲಿಸಬೇಕೆಂದು ಅಮೆರಿಕದ ವಿಮಾನಯಾನ ಪ್ರಾಧಿಕಾರ ಎಫ್‌ಎಎ 2002ರಲ್ಲಿ ಆದೇಶಿಸಿದಾಗ ಅದಕ್ಕೆ ಆರು ವರ್ಷಗಳ ಕಾಲಾವಕಾಶವಿತ್ತು. 2025ರ ನವೆಂಬರ್ 28ರಂದು ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಇಎಎಸ್‌ಎ, ಏರ್‌ಬಸ್ ಎ320 ಬಳಗದ ವಿಮಾನಗಳಲ್ಲಿ ಎಲಿವೇಟರ್ (ಮೂತಿಯನ್ನು ಏರಿಳಿಸುವ ಬಾಲದ ಫಲಕ) ಮತ್ತು ಏಲೆರಾನ್‌ಗಳನ್ನು (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಫಲಕಗಳು) ನಿಯಂತ್ರಿಸುವ ಎಲ್ಯಾಕ್ ಕಂಪ್ಯೂಟರಿನ ಬಗ್ಗೆ ತುರ್ತು ಆದೇಶ ಹೊರಡಿಸಿದಾಗ ಮಾತ್ರ, ಮರುದಿನ ಕಳೆಯುವುದರೊಳಗೆ ಕೆಲಸ ಮುಗಿಯದ ವಿಮಾನ ಪ್ರಯಾಣಿಕರನ್ನು ಹೊತ್ತು ಮೇಲೇರುವಂತಿರಲಿಲ್ಲ.

ರಡ್ಡರ್ ದೋಷಕ್ಕೆ ಅದಾಗಲೇ ಜೀವಗಳು ಬಲಿಯಾಗಿದ್ದವು. ಎಲ್ಯಾಕ್ ದೋಷದಿಂದ ಯಾರೂ ಸತ್ತಿರಲಿಲ್ಲ. ಹಾಗಿರುವಾಗ ಹೆಚ್ಚು ಸಾವು ಕಂಡ ದೋಷಕ್ಕೆ ಹೆಚ್ಚು ಗಡುವು ಸಿಕ್ಕಿದ್ದು ಹೇಗೆ? ಅಸುರಕ್ಷಿತ ಎಂದು ಬರಹದಲ್ಲೇ ಒಪ್ಪಿಕೊಂಡ ವಿಮಾನವನ್ನು ವರ್ಷಗಟ್ಟಲೆ ಹಾರಿಸಲು ಬಿಡುವುದು ತನ್ನ ಮಾತಿಗೆ ತಾನೇ ವಿರುದ್ಧವಾಗಿ ನಡೆದಂತೆ ಅಲ್ಲವೇ? ಜೊತೆಗೆ, ತಯಾರಕರ ತಾಂತ್ರಿಕ ಸೂಚನಾ ಪತ್ರವಾದ ಸರ್ವೀಸ್ ಬುಲೆಟಿನ್‌ನಲ್ಲೂ ಕೆಲವೊಮ್ಮೆ "ಕಡ್ಡಾಯ" ಎಂದು ಬರೆದಿರುತ್ತದೆ. ಅದಕ್ಕೂ ಎ.ಡಿ.ಗೂ ವ್ಯತ್ಯಾಸವೇನು ಎಂಬುದನ್ನೂ ತಿಳಿದವರು ದಯವಿಟ್ಟು ವಿವರಿಸಬೇಕು.

ನಿಯಮಪುಟ:

ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಸರ್ವೀಸ್ ಬುಲೆಟಿನ್ ಬರೆಯುವುದು ತಯಾರಕ ಸಂಸ್ಥೆ, ಎ.ಡಿ. ಹೊರಡಿಸುವುದು ಸರ್ಕಾರದ ಪ್ರಾಧಿಕಾರ. ತಯಾರಕರು ಬುಲೆಟಿನ್ ಮೇಲೆ ಎಷ್ಟು ದಪ್ಪಕ್ಷರದಲ್ಲಿ ಕಡ್ಡಾಯ ಎಂದು ಅಚ್ಚು ಹಾಕಿದರೂ, ಪ್ರಾಧಿಕಾರವು ಅದನ್ನು ಎ.ಡಿ.ಯ ಒಳಗೆ ಸೇರಿಸಿದಾಗಲೇ ಅದು ಎಲ್ಲ ಮಾಲೀಕರನ್ನೂ ಕಟ್ಟಿಹಾಕುತ್ತದೆ. (ವಿಮಾನ ಸಂಸ್ಥೆಯೊಂದು ತನ್ನ ಅನುಮೋದಿತ ನಿರ್ವಹಣಾ ಕಾರ್ಯಕ್ರಮದಲ್ಲಿ ಬುಲೆಟಿನ್‌ಗಳನ್ನು ಪಾಲಿಸುವುದಾಗಿ ಒಪ್ಪಿಕೊಂಡಿದ್ದರೆ ಅದು ಬೇರೆ ಮಾತು.) ಎ.ಡಿ. ಹೊರಡಿಸಲು ಎಫ್‌ಎಎ ನಿಯಮಗಳ 39ನೇ ಭಾಗದ ಪ್ರಕಾರ ಎರಡು ಸಂಗತಿಗಳು ಕೂಡಿಬರಬೇಕು: ಉತ್ಪನ್ನದಲ್ಲಿ ಅಸುರಕ್ಷಿತ ಸ್ಥಿತಿ ಇರಬೇಕು, ಮತ್ತು ಅದೇ ವಿನ್ಯಾಸದ ಬೇರೆ ಉತ್ಪನ್ನಗಳಲ್ಲೂ ಆ ಸ್ಥಿತಿ ಇರುವ ಇಲ್ಲವೇ ಮುಂದೆ ತಲೆದೋರುವ ಸಂಭವವಿರಬೇಕು. ಒಂದೇ ವಿಮಾನದಲ್ಲಿ ಯಾರೋ ತಪ್ಪಾಗಿ ಬಿಗಿದ ಬೋಲ್ಟ್‌ಗೆ ಎ.ಡಿ. ಬರುವುದಿಲ್ಲ. ಬಂದ ಮೇಲೆ, ಅದನ್ನು ಪಾಲಿಸದೆ ಹಾರಿಸಿದ ಪ್ರತಿಯೊಂದು ಹಾರಾಟವೂ ಪ್ರತ್ಯೇಕ ಉಲ್ಲಂಘನೆ.

ಇನ್ನು ಗಡುವಿನ ವಿಚಾರ. 2002ರ ಆದೇಶವನ್ನು ಒಂಟಿಯಾಗಿ ಓದಿದರೆ ನಿಮ್ಮ ಸಂಶಯ ಸಹಜವೇ. ಆದರೆ ಅದು ಒಂದು ಸರಣಿಯ ಕೊನೆಯ ಕೊಂಡಿ. 1991ರ ಮಾರ್ಚ್ 3ರಂದು ಯುನೈಟೆಡ್ ಏರ್‌ಲೈನ್ಸ್‌ನ 737 ವಿಮಾನ (ಹಾರಾಟ 585) ಕೊಲೊರಾಡೊ ಸ್ಪ್ರಿಂಗ್ಸ್ ಬಳಿ ಬಿದ್ದು 25 ಮಂದಿ, 1994ರ ಸೆಪ್ಟೆಂಬರ್ 8ರಂದು ಯುಎಸ್‌ಏರ್ 427 ಪಿಟ್ಸ್‌ಬರ್ಗ್ ಹತ್ತಿರ ಬಿದ್ದು 132 ಮಂದಿ ಸತ್ತರು. 1996ರ ಜೂನ್‌ನಲ್ಲಿ ಈಸ್ಟ್‌ವಿಂಡ್ 517 ಇದೇ ಬಗೆಯ ಹೊಯ್ದಾಟಕ್ಕೆ ಸಿಕ್ಕಿಯೂ ಸುರಕ್ಷಿತವಾಗಿ ಇಳಿದದ್ದು ತನಿಖೆಗೆ ದೊಡ್ಡ ಆಧಾರವಾಯಿತು, ಏಕೆಂದರೆ ಆ ಪೈಲಟ್‌ಗಳು ನಡೆದದ್ದನ್ನು ಹೇಳಲು ಬದುಕಿದ್ದರು.

ದೋಷವಿದ್ದದ್ದು ರಡ್ಡರನ್ನು ತಿರುಗಿಸುವ ಹೈಡ್ರಾಲಿಕ್ ಘಟಕದ ಸರ್ವೋ ವಾಲ್ವ್‌ನಲ್ಲಿ. ಅದರಲ್ಲಿ ಒಂದರೊಳಗೊಂದು ಜಾರುವ ಎರಡು ಸ್ಲೈಡ್‌ಗಳಿವೆ; ಒಂದು ಸಿಕ್ಕಿಕೊಂಡರೆ ಇನ್ನೊಂದು ಕೆಲಸ ನಿಭಾಯಿಸಬೇಕೆಂಬುದು ವಿನ್ಯಾಸದ ಆಶಯ. ಆದರೆ ಹೊರಗಿನ ಸ್ಲೈಡ್ ಒಂದು ನಿರ್ದಿಷ್ಟ ಸ್ಥಾನದಲ್ಲಿ ಸಿಕ್ಕಿಕೊಂಡಾಗ ಒಳಗಿನದು ತನ್ನ ಮಿತಿಯನ್ನು ದಾಟಿ ಜಾರಬಲ್ಲದು. ಆಗ ದ್ರವ ತಪ್ಪು ದಾರಿಗೆ ನುಗ್ಗಿ, ಪೈಲಟ್ ಒತ್ತಿದ ಪೆಡಲಿನ ವಿರುದ್ಧ ದಿಕ್ಕಿಗೆ ರಡ್ಡರ್ ತಿರುಗುತ್ತದೆ. ಪೈಲಟ್ ಹೆಚ್ಚು ಒತ್ತಿದಷ್ಟೂ ಸಂಕಟ ಹೆಚ್ಚು. ಚಳಿಯಲ್ಲಿ ಹೆಪ್ಪುಗಟ್ಟುವಷ್ಟು ತಣಿಸಿದ ವಾಲ್ವ್‌ಗೆ ಬಿಸಿ ಹೈಡ್ರಾಲಿಕ್ ದ್ರವ ಹಾಯಿಸಿ ಮಾಡಿದ ಪರೀಕ್ಷೆಗಳ ದತ್ತಾಂಶವನ್ನು ಕೆದಕುವಾಗ ಈ ತಿರುವುಮುರುವು ಬೆಳಕಿಗೆ ಬಂತು.

ಇದು ತಿಳಿದ ಕೂಡಲೇ ಮೊದಲು ಬಂದದ್ದು ಸಿಕ್ಕಿಕೊಂಡ ರಡ್ಡರಿಗೆ ಪೈಲಟ್‌ಗಳು ಪಾಲಿಸಬೇಕಾದ ಕ್ರಮ. 1997ರ ಆದೇಶಗಳು ವಾಲ್ವ್‌ನ ವಿನ್ಯಾಸವನ್ನು ಬದಲಿಸಿದವು ಮತ್ತು ರಡ್ಡರಿನ ಬಲಕ್ಕೆ ಮಿತಿ ಹಾಕುವ ಸಾಧನವನ್ನು ಕಡ್ಡಾಯಗೊಳಿಸಿದವು. ಅಷ್ಟಾದರೂ ಒಂದೇ ಘಟಕದ ಮೇಲಿನ ಅವಲಂಬನೆ ಉಳಿದೇ ಇದೆ ಎಂದು ತನಿಖಾ ಮಂಡಳಿ ಎನ್‌ಟಿಎಸ್‌ಬಿ 1999ರಲ್ಲಿ ಹೇಳಿದ್ದರಿಂದ ಇಡೀ ವ್ಯವಸ್ಥೆಯ ಬದಲಾವಣೆಗೆ 2002ರ ಆದೇಶ ಬಂತು. ಆರು ವರ್ಷ ಸಿಕ್ಕಿದ್ದು ಉಳಿದ ಅಪಾಯಕ್ಕೆ, ಮೂಲ ಅಪಾಯಕ್ಕಲ್ಲ. ಸಾವಿರಾರು ವಿಮಾನಗಳಿಗೆ ಹೊಸ ಬಿಡಿಭಾಗ ತಯಾರಾಗಬೇಕು, ಹಿಂಬದಿಯ ರಚನೆ ಬಿಚ್ಚಬೇಕು, ಅದಕ್ಕೆ ತಕ್ಕ ಹ್ಯಾಂಗರ್ ಮತ್ತು ತರಬೇತಿ ಪಡೆದ ಕೈಗಳು ಬೇಕು. ಎಲ್ಯಾಕ್ ವಿಚಾರದಲ್ಲಿ ಇದೆಲ್ಲ ತಲೆಕೆಳಗು. ತೀವ್ರ ಸೌರ ವಿಕಿರಣದಿಂದ ನಿಯಂತ್ರಣದ ದತ್ತಾಂಶ ಕೆಡಬಹುದೆಂಬ ಶಂಕೆಯಿದ್ದಾಗ ಪೈಲಟ್ ಅನುಸರಿಸಬಹುದಾದ ಮಧ್ಯಂತರ ಕ್ರಮವೇ ಇರಲಿಲ್ಲ. ಪರಿಹಾರವೋ, ಬಹುಪಾಲು ವಿಮಾನಗಳಲ್ಲಿ ಹಳೆಯ ತಂತ್ರಾಂಶಕ್ಕೆ ಮರಳುವ ಕೆಲವು ಗಂಟೆಗಳ ಕೆಲಸ. ಸುಮಾರು 6,000 ವಿಮಾನಗಳಿದ್ದರೂ ಕಿರಿದಾದ ಗಡುವು ಸಾಧ್ಯವಾದದ್ದು ಇದರಿಂದಲೇ.

ಮೂರನೇ ಹೈಡ್ರಾಲಿಕ್:

ನಿಯಮಪುಟ ಅವರ ವಿವರಣೆ ಸರಿಯಾಗಿದೆ, ಆದರೆ ಅದು ಪ್ರಾಧಿಕಾರದ ಬಗ್ಗೆ ತುಸು ಉದಾರವಾಗಿದೆ ಎಂದು ನನ್ನ ಅನಿಸಿಕೆ. ಮಧ್ಯಂತರ ಕ್ರಮ ಇದೆಯೇ ಎಂದು ಕೇಳಿದರಷ್ಟೇ ಸಾಲದು. ಅದು ಯಾರ ಮೇಲೆ ಭಾರ ಹಾಕುತ್ತದೆ ಎಂದೂ ಕೇಳಬೇಕು. ಯಂತ್ರದಲ್ಲಿನ ಮಿತಿಸಾಧನ ನಿದ್ದೆಗೆಡುವುದಿಲ್ಲ, ಗಾಬರಿಯಾಗುವುದಿಲ್ಲ. ಪೈಲಟ್ ಕೈಪಿಡಿಯಲ್ಲಿ ಸೇರಿಸಿದ ಒಂದು ಪುಟ ಆ ಭರವಸೆ ಕೊಡಲಾರದು.

737 ಮ್ಯಾಕ್ಸ್ ಇದಕ್ಕೆ ಸಾಕ್ಷಿ. 2018ರ ಅಕ್ಟೋಬರ್ 29ರಂದು ಲಯನ್ ಏರ್ 610 ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತ ಮೇಲೆ, ಹತ್ತೇ ದಿನಗಳೊಳಗೆ ಎಫ್‌ಎಎ ತುರ್ತು ಎ.ಡಿ. ಹೊರಡಿಸಿತು. ಅದರಲ್ಲಿ ವಿಮಾನದ ಒಂದು ತಂತಿಯನ್ನೂ, ತಂತ್ರಾಂಶದ ಒಂದು ಸಾಲನ್ನೂ ಮುಟ್ಟಿರಲಿಲ್ಲ. ಸ್ಟೆಬಿಲೈಸರ್ (ಬಾಲದ ಅಡ್ಡ ರೆಕ್ಕೆ) ತನ್ನಷ್ಟಕ್ಕೆ ತಾನು ಓಡತೊಡಗಿದರೆ ಪೈಲಟ್ ಏನು ಮಾಡಬೇಕೆಂದು ಕೈಪಿಡಿಯಲ್ಲಿ ಬರೆಯಿರಿ ಎಂದಷ್ಟೇ ಇತ್ತು. ಸ್ಟೆಬಿಲೈಸರನ್ನು ತಾನೇ ಓಡಿಸಿ ಮೂತಿಯನ್ನು ಕೆಳಗಿಳಿಸುತ್ತಿದ್ದ ಎಂಸಿಎಎಸ್ ಎಂಬ ತಂತ್ರಾಂಶದ ಹೆಸರೂ ಅದರಲ್ಲಿರಲಿಲ್ಲ. ತಂತ್ರಾಂಶ ಸರಿಪಡಿಸದೆ ಬಿಟ್ಟರೆ ಆ ವಿಮಾನಗಳ ಇಡೀ ಸೇವಾವಧಿಯಲ್ಲಿ 15ಕ್ಕೂ ಹೆಚ್ಚು ಮಾರಣಾಂತಿಕ ಅಪಘಾತಗಳಾಗಬಹುದೆಂದು ಎಫ್‌ಎಎಯ ಒಳಗಿನ ಅಂದಾಜೇ ಆ ವರ್ಷದ ಡಿಸೆಂಬರ್‌ನಲ್ಲಿ ಲೆಕ್ಕ ಹಾಕಿತ್ತು. ಅದು ಹೊರಜಗತ್ತಿಗೆ ತಿಳಿದದ್ದು 2019ರ ಡಿಸೆಂಬರ್‌ನ ಸಂಸದೀಯ ವಿಚಾರಣೆಯಲ್ಲಿ. ತಿದ್ದಿದ ತಂತ್ರಾಂಶ ಬರುವವರೆಗೆ ಕೈಪಿಡಿಯ ಪುಟ ಕಾಯುತ್ತದೆಂಬ ನಂಬಿಕೆಯಲ್ಲಿ ಹಾರಾಟ ಮುಂದುವರಿಯಿತು. 2019ರ ಮಾರ್ಚ್ 10ರಂದು ಇಥಿಯೋಪಿಯನ್ 302ರಲ್ಲಿ ಇನ್ನೂ 157 ಮಂದಿ ಹೋದರು.

2020ರ ನವೆಂಬರ್‌ನಲ್ಲಿ ಬಂದ ಎ.ಡಿ.ಯನ್ನು ಇದರ ಪಕ್ಕದಲ್ಲಿಟ್ಟು ಓದಿ. ಎದುರು ಗಾಳಿಗೆ ರೆಕ್ಕೆ ಒಡ್ಡಿದ ಕೋನವನ್ನು ಅಳೆಯುವ ಒಂದೇ ಸೆನ್ಸರನ್ನು ನಂಬುವ ಬದಲು ಎರಡನ್ನೂ ಹೋಲಿಸಬೇಕು, ಎರಡರ ನಡುವೆ ತಾಳೆಯಾಗದಿದ್ದರೆ ಎಂಸಿಎಎಸ್ ಸುಮ್ಮನಿರಬೇಕು, ಒಂದು ಪ್ರಸಂಗಕ್ಕೆ ಒಮ್ಮೆ ಮಾತ್ರ ಅದು ಕೆಲಸ ಮಾಡಬೇಕು, ಸ್ಟೆಬಿಲೈಸರನ್ನು ಓಡಿಸುವ ಟ್ರಿಮ್ ಮೋಟಾರಿನ ತಂತಿಗಳನ್ನು ಪರಸ್ಪರ ದೂರ ಸರಿಸಬೇಕು, ಸೆನ್ಸರ್ ಪರೀಕ್ಷೆಯಾಗಬೇಕು, ಪ್ರಯಾಣಿಕರನ್ನು ಹತ್ತಿಸುವ ಮೊದಲು ಪ್ರತಿ ವಿಮಾನವೂ ಒಂದು ಪರೀಕ್ಷಾ ಹಾರಾಟ ನಡೆಸಬೇಕು. ಈ ಎರಡು ದಾಖಲೆಗಳಿಗೂ ಕಾನೂನಿನ ದೃಷ್ಟಿಯಲ್ಲಿ ಒಂದೇ ಹೆಸರು. ಆದ್ದರಿಂದ ಬಾಲರೆಕ್ಕೆ ಅವರೇ, ಎ.ಡಿ. ಕೈಗೆ ಬಂದಾಗ ಗಡುವಿಗಿಂತ ಮೊದಲು ನೋಡಬೇಕಾದದ್ದು ಅದು ಬದಲಿಸುವುದು ವಿಮಾನವನ್ನೋ, ಕಾಗದವನ್ನೋ ಎಂಬುದನ್ನು.

ನಿಯಮಪುಟ:

ಮ್ಯಾಕ್ಸ್ ಬಗ್ಗೆ ನನ್ನ ತಕರಾರಿಲ್ಲ. ಒಂದು ಸಣ್ಣ ಸೇರ್ಪಡೆ: ಕೈಪಿಡಿ ಬದಲಾವಣೆ ಎಲ್ಲ ಸಂದರ್ಭದಲ್ಲೂ ದುರ್ಬಲ ಎನ್ನಲಾಗದು. ಪೈಲಟ್‌ಗೆ ಲಕ್ಷಣ ಸ್ಪಷ್ಟವಾಗಿ ಕಾಣುವಂತಿದ್ದು, ಯೋಚಿಸಲು ಸಮಯವಿದ್ದು, ಮಾಡಬೇಕಾದ ಕೆಲಸ ಒಂದೇ ಆಗಿದ್ದರೆ ಅದು ನಿಲ್ಲುತ್ತದೆ. ಮ್ಯಾಕ್ಸ್‌ನಲ್ಲಿ ಈ ಮೂರೂ ಇರಲಿಲ್ಲ.

ಟರ್ನ್‌ಬಕಲ್:

ಇಬ್ಬರೂ ಆದೇಶದ ಬಗ್ಗೆ ಬರೆದಿದ್ದೀರಿ. ನಾನು ಸ್ಪ್ಯಾನರ್ ಹಿಡಿಯುವವರ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಗಡುವು ಕಡಿಮೆಯಾದಷ್ಟೂ ಸುರಕ್ಷತೆ ಹೆಚ್ಚು ಎಂಬ ಎಣಿಕೆ ಹಾರಾಟ ನಿಯಂತ್ರಣದ ವಿಷಯದಲ್ಲಿ ಪೂರ್ತಿ ನಿಜವಲ್ಲ, ಏಕೆಂದರೆ ನೆಟ್ಟಗಿದ್ದ ಕೇಬಲ್ಲನ್ನು ಬಿಚ್ಚಿ ಮತ್ತೆ ಜೋಡಿಸುವುದೇ ಒಂದು ಅಪಾಯ.

2018ರ ನವೆಂಬರ್ 11ರಂದು ಪೋರ್ಚುಗಲ್‌ನ ಅಲ್ವೆರ್ಕಾದಿಂದ ದೊಡ್ಡ ನಿರ್ವಹಣೆ ಮುಗಿಸಿ ಹೊರಟ ಏರ್ ಅಸ್ತಾನಾದ ಎಂಬ್ರೇರ್ 190 ವಿಮಾನದ ಕಥೆಯನ್ನು ವಿದ್ಯಾರ್ಥಿಗಳು ಓದಲೇಬೇಕು. ಆ ನಿರ್ವಹಣೆಯಲ್ಲಿ ಸರ್ವೀಸ್ ಬುಲೆಟಿನ್ ಪ್ರಕಾರ ಏಲೆರಾನ್ ಕೇಬಲ್‌ಗಳನ್ನು ಬದಲಿಸಿದ್ದರು, ಮತ್ತು ಕೇಬಲ್ ಹಾದುಹೋಗುವ ಆಧಾರವೊಂದನ್ನು ತೆಗೆದದ್ದರಿಂದ ಸರಿಯಾದ ದಾರಿ ಯಾವುದೆಂದು ಸೂಚನೆಗಳಿಂದ ಗುರುತಿಸುವುದು ಕಷ್ಟವಾಗಿತ್ತು. ಎರಡೂ ರೆಕ್ಕೆಗಳಲ್ಲಿ ಕೇಬಲ್‌ಗಳು ಅದಲುಬದಲಾದವು. ಮೇಲೇರಿದ ಮೇಲೆ ಏಲೆರಾನ್‌ಗಳು ಪೈಲಟ್ ಕೇಳಿದ್ದಕ್ಕೆ ವಿರುದ್ಧವಾಗಿ, ರೆಕ್ಕೆಯ ಮೇಲ್ಭಾಗದಲ್ಲಿ ಎದ್ದೇಳುವ ಸ್ಪಾಯ್ಲರ್ ಫಲಕಗಳು ಸರಿಯಾಗಿ ಕೆಲಸ ಮಾಡುತ್ತಿದ್ದವು. ಎರಡೂ ಒಂದಕ್ಕೊಂದು ಜಗ್ಗಾಡುತ್ತಿದ್ದುದರಿಂದ ಏನಾಗುತ್ತಿದೆ ಎಂದೇ ಯಾರಿಗೂ ಹೊಳೆಯಲಿಲ್ಲ. ವಿಮಾನದಲ್ಲಿದ್ದ ಆರೂ ಮಂದಿ ಬೇಜಾ ವಾಯುನೆಲೆಯಲ್ಲಿ ಬದುಕಿ ಇಳಿದರು. ವಿಮಾನ ಮಾತ್ರ ಮತ್ತೆ ಹಾರಲಿಲ್ಲ.

ಹಾರಾಟ ನಿಯಂತ್ರಣವನ್ನು ಮುಟ್ಟಿದ ಮೇಲೆ ಕೆಲಸ ಮಾಡದ ಇನ್ನೊಬ್ಬರಿಂದ ಸ್ವತಂತ್ರ ತಪಾಸಣೆ ಬೇಕೆನ್ನುವುದು ಇದಕ್ಕೇ. ಅದನ್ನು ಹೇಗೆ ಮಾಡುತ್ತಾರೆ ಎಂಬುದು ಮುಖ್ಯ. ಕಾಕ್‌ಪಿಟ್‌ನಲ್ಲಿ ಒಬ್ಬರು ನಿಯಂತ್ರಣ ಚಕ್ರವನ್ನು ಎಡಕ್ಕೆ ತಿರುಗಿಸಿದಾಗ ರೆಕ್ಕೆಯ ಬಳಿ ನಿಂತವರು "ಸರಿಯಿದೆ" ಎನ್ನಬಾರದು. "ಎಡ ಏಲೆರಾನ್ ಮೇಲೆ, ಬಲದ್ದು ಕೆಳಗೆ" ಎಂದು ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು. ಚಲಿಸಿತು ಎಂಬುದನ್ನು ಎಲ್ಲರೂ ನೋಡುತ್ತಾರೆ, ಯಾವ ಕಡೆಗೆ ಎಂಬುದನ್ನು ನೋಡುವವರು ಕಡಿಮೆ. ಟ್ರಿಮ್ ಟ್ಯಾಬ್‌ನಲ್ಲಿ (ನಿಯಂತ್ರಣ ಫಲಕದ ಹಿಂಬದಿಯಂಚಿನ ಚಿಕ್ಕ ಫಲಕ) ಇದು ಇನ್ನೂ ಮೋಸಗೊಳಿಸುತ್ತದೆ: ಮೂತಿ ಕೆಳಗಾಗಲಿ ಎಂದು ಟ್ರಿಮ್ ಚಕ್ರ ತಿರುಗಿಸಿದರೆ ಎಲಿವೇಟರಿನ ಟ್ಯಾಬ್ ಮೇಲಕ್ಕೆ ಹೋಗಬೇಕು, ಹೊಸಬರಿಗೆ ಅದು ತಪ್ಪಾಗಿ ಕಾಣುತ್ತದೆ. ಆಮೇಲೆ ಚಲನೆಯ ಕೋನವನ್ನು ಅಳೆಯಬೇಕು, ಕೇಬಲಿನ ಬಿಗಿತವನ್ನು ಟೆನ್ಸಿಯೋಮೀಟರ್‌ನಿಂದ ಅಂದಿನ ತಾಪಮಾನದ ಪಟ್ಟಿಗೆ ಹೋಲಿಸಿ ನೋಡಬೇಕು. ಅಲ್ಯುಮಿನಿಯಂ ಒಡಲು ಉಕ್ಕಿನ ಕೇಬಲಿಗಿಂತ ಹೆಚ್ಚು ಹಿಗ್ಗುವುದರಿಂದ ಬಿಸಿಲಿನಲ್ಲಿ ನಿಂತ ವಿಮಾನದ ಕೇಬಲ್ ಬೆಳಗಿನದಕ್ಕಿಂತ ಬಿಗಿಯಾಗಿರುತ್ತದೆ. ಕೇಬಲನ್ನು ಬಿಗಿಮಾಡುವ ತಿರುಪು ಜೋಡಣೆಯಾದ ಟರ್ನ್‌ಬಕಲಿನ ಎರಡೂ ತುದಿಗಳಲ್ಲಿ ಮೂರಕ್ಕಿಂತ ಹೆಚ್ಚು ತಿರುಪಿನ ಎಳೆ ಹೊರಗೆ ಕಾಣಬಾರದು, ಅದು ಸಡಿಲವಾಗದಂತೆ ಕಟ್ಟುವ ಸೇಫ್ಟಿ ವೈರ್ ಇರಬೇಕು. ನಿಯಂತ್ರಣ ಫಲಕಕ್ಕೆ ಹೊಸ ತುಂಡು ಸೇರಿಸಿದ್ದರೆ, ಬರೀ ಬಣ್ಣ ಬಳಿದಿದ್ದರೂ ಸಹ, ತೂಕದ ಸಮತೋಲನ ಪರೀಕ್ಷೆಯಾಗಬೇಕು. ಹಿಂಜಿನ ಹಿಂದೆ ಭಾರ ಹೆಚ್ಚಿದರೆ ವೇಗದಲ್ಲಿ ಫಲಕ ಅದುರತೊಡಗಿ ಕಿತ್ತುಹೋಗಬಹುದು. ಒಂದು ದಿನದ ಗಡುವಿನಲ್ಲಿ ಇಷ್ಟನ್ನೂ ಸಾವಿರಾರು ವಿಮಾನಗಳಿಗೆ ಮಾಡಿ ಎಂದರೆ, ನಿಜ ಹೇಳಬೇಕೆಂದರೆ ನನಗೆ ಭಯವಾಗುತ್ತದೆ. ತಂತ್ರಾಂಶ ಬದಲಾವಣೆಯ ಮಾತು ಬೇರೆ.

ಬಾಲರೆಕ್ಕೆ:

ಮೂವರಿಗೂ ಧನ್ಯವಾದಗಳು. ಇನ್ನೊಂದೇ ಸಂದೇಹ ಉಳಿದಿದೆ. ಕೆಲವು ಎ.ಡಿ.ಗಳು ಮಾರ್ಪಾಡನ್ನೇ ಕೇಳುವುದಿಲ್ಲ, ಇಂತಿಷ್ಟು ಗಂಟೆಗೊಮ್ಮೆ ತಪಾಸಣೆ ಮಾಡಿ ಎನ್ನುತ್ತವೆ. ಅಂಥ ಆದೇಶ ಎಂದಾದರೂ ಮುಗಿಯುತ್ತದೆಯೇ? ದಾಖಲೆಯಲ್ಲಿ ಅದನ್ನು ಹೇಗೆ ತೋರಿಸಬೇಕು?

ಟರ್ನ್‌ಬಕಲ್:

ಆದೇಶದಲ್ಲೇ "ಈ ಮಾರ್ಪಾಡು ಮಾಡಿದರೆ ಮರುಕಳಿಸುವ ತಪಾಸಣೆ ಕೊನೆಗೊಳ್ಳುತ್ತದೆ" ಎಂಬ ಅಂತಿಮಕ್ರಮ ಇದ್ದರೆ ಮುಗಿಯುತ್ತದೆ. ಇಲ್ಲದಿದ್ದರೆ ವಿಮಾನ ಇರುವವರೆಗೂ ನಡೆಯುತ್ತದೆ. 2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸ್ 261 ಬಿದ್ದು 88 ಮಂದಿ ಸತ್ತ ಅಪಘಾತದಲ್ಲಿ, ಎಂಡಿ-83ರ ಸ್ಟೆಬಿಲೈಸರನ್ನು ಎತ್ತಿಳಿಸುವ ಜ್ಯಾಕ್‌ಸ್ಕ್ರೂವಿನ ನಟ್ಟಿನ ಎಳೆಗಳು ಗ್ರೀಸ್ ಸಾಲದೆ ಪೂರ್ತಿ ಸವೆದುಹೋಗಿದ್ದವು. ಉಕ್ಕಿನ ಸ್ಕ್ರೂ ಗಟ್ಟಿ, ನಟ್ಟು ಮೆದು ಲೋಹದ್ದು. ಸವೆಯುವುದು ಯಾವಾಗಲೂ ನಟ್ಟು. ಅದಾದ ಮೇಲೆ ಬಂದ ಎ.ಡಿ.ಗಳು ಪ್ರತಿ 650 ಹಾರಾಟ ಗಂಟೆಗೆ ಗ್ರೀಸ್, ಪ್ರತಿ 2,000 ಗಂಟೆಗೆ ಸ್ಕ್ರೂ ಮತ್ತು ನಟ್ಟಿನ ನಡುವಿನ ಸಡಿಲದ ಅಳತೆ ಎಂದು ವಿಧಿಸಿದವು. ಆ ಸಡಿಲ 0.040 ಇಂಚು, ಅಂದರೆ ಸುಮಾರು ಒಂದು ಮಿಲಿಮೀಟರ್ ದಾಟಬಾರದು.

ದಾಖಲೆಯ ಬಗ್ಗೆ: "ಎ.ಡಿ. ಪಾಲಿಸಲಾಗಿದೆ" ಎಂಬ ಒಂದು ಸಾಲು ನಿಷ್ಪ್ರಯೋಜಕ. ಆದೇಶದ ಸಂಖ್ಯೆ, ಪರಿಷ್ಕರಣೆ, ಯಾವ ವಿಧಾನದಿಂದ ಪಾಲಿಸಿದ್ದು, ದಿನಾಂಕ, ಅಂದಿನ ಒಟ್ಟು ಗಂಟೆ, ಮತ್ತು ಮರುಕಳಿಸುವಂಥದ್ದಾದರೆ ಮುಂದಿನ ಸರದಿ ಯಾವಾಗ ಎಂಬುದೆಲ್ಲ ಇರಬೇಕು. ಅಳತೆ ಇದ್ದ ಕಡೆ ಅಂಕಿಯನ್ನೇ ಬರೆಯಿರಿ. "ಮಿತಿಯೊಳಗಿದೆ" ಎಂದು ಬರೆದರೆ, ಮುಂದಿನ ತಪಾಸಣೆಯವರಿಗೆ ಎಷ್ಟು ಬೇಗ ಸವೆಯುತ್ತಿದೆ ಎಂದು ಲೆಕ್ಕ ಹಾಕಲು ಏನೂ ಸಿಗುವುದಿಲ್ಲ.

ನಿಯಮಪುಟ:

ಆದೇಶದಲ್ಲಿ ಹೇಳಿದ್ದಕ್ಕಿಂತ ಬೇರೆ ವಿಧಾನದಿಂದ ಅಷ್ಟೇ ಸುರಕ್ಷತೆ ಸಾಧಿಸಬಹುದಾದರೆ ಪ್ರಾಧಿಕಾರದಿಂದ ಪರ್ಯಾಯ ವಿಧಾನಕ್ಕೆ ಅನುಮೋದನೆ ಕೇಳುವ ಅವಕಾಶವಿದೆ. ಅಂಥ ಅನುಮೋದನೆ ಇದ್ದರೆ ಅದರ ಪತ್ರವನ್ನೂ ಲಾಗ್‌ಬುಕ್ ಜೊತೆ ಇಡಬೇಕು. ಅದು ಸಾಮಾನ್ಯವಾಗಿ ನಿರ್ದಿಷ್ಟ ವಿಮಾನಕ್ಕೋ ನಿರ್ದಿಷ್ಟ ಮಾರ್ಪಾಡಿಗೋ ಸೀಮಿತವಾಗಿರುವುದರಿಂದ, ಪಕ್ಕದ ವಿಮಾನಕ್ಕೆ ಕೊಟ್ಟದ್ದನ್ನು ತೋರಿಸಿ ನಿಮ್ಮದನ್ನು ಹಾರಿಸುವಂತಿಲ್ಲ.