ಹಳೆಯ ಕಾರು, ಬಿಚ್ಚಿದ ಬಿಡಿಭಾಗ: ತುಮಕೂರು ವಾಹನ ಮಾಲೀಕರ ಗುಂಪಿನ ಪ್ರಶ್ನೋತ್ತರ

ನಿರ್ವಾಹಕರು: ಹಳೆಯ ವಾಹನಗಳನ್ನು ಬಿಚ್ಚಿ ವಿಂಗಡಿಸುವ ನೋಂದಾಯಿತ ಕೇಂದ್ರವೊಂದರ ತಾಂತ್ರಿಕ ಮೇಲ್ವಿಚಾರಕರು ಈ ಸಂಜೆ ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಸದಸ್ಯರು ಊರಿನ ಹೆಸರಿನೊಡನೆ ಪ್ರಶ್ನೆಯನ್ನು ಬರೆಯಬೇಕೆಂದು ಕೋರುತ್ತೇನೆ.

ಕ್ಯಾತ್ಸಂದ್ರದ ಸದಸ್ಯರು: ನಮಸ್ಕಾರ. ನನ್ನ ಪೆಟ್ರೋಲ್ ಕಾರಿಗೆ ಬರುವ ತಿಂಗಳು 15 ವರ್ಷ ತುಂಬುತ್ತದೆ. ಹದಿನೈದು ದಾಟಿದ ಕಾರನ್ನು ರಸ್ತೆಯಲ್ಲೇ ಹಿಡಿದು ಗುಜರಿಗೆ ಕಳಿಸುತ್ತಾರೆಂಬ ಸಂದೇಶ ಎಲ್ಲ ಗುಂಪುಗಳಲ್ಲೂ ಬರುತ್ತಿದೆ. ಇದು ನಿಜವೇ?

ಮೇಲ್ವಿಚಾರಕರು: ನಮಸ್ಕಾರ. ಆ ಸಂದೇಶ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯಕ್ಕೆಂದು ನ್ಯಾಯಾಲಯದ ಆದೇಶಗಳಿಂದ ಹುಟ್ಟಿದ ನಿರ್ಬಂಧವನ್ನು ತುಮಕೂರಿಗೆ ಅಂಟಿಸಿ ಹರಿಬಿಟ್ಟದ್ದು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಆರ್.ಟಿ.ಓ. ತಪಾಸಣೆಯಲ್ಲಿ ತೇರ್ಗಡೆಯಾದರೆ, ಹಸಿರು ತೆರಿಗೆ ಕಟ್ಟಿ, 5 ವರ್ಷಕ್ಕೊಮ್ಮೆ ನವೀಕರಿಸಬಹುದು. ವಯಸ್ಸಿನ ಕಾರಣಕ್ಕೇ 2023ರ ಏಪ್ರಿಲ್ 1ರಿಂದ ನೋಂದಣಿ ಕಳೆದುಕೊಂಡದ್ದು 15 ವರ್ಷ ಮೀರಿದ ಸರ್ಕಾರಿ ವಾಹನಗಳು.

ತಿಪಟೂರಿನ ಸದಸ್ಯರು: ನಿಮ್ಮಂಥ ಕೇಂದ್ರಕ್ಕೆ ಕಾರು ಕೊಟ್ಟರೆ ಎಷ್ಟು ಸಿಗುತ್ತದೆ? ಊರಿನ ಗುಜರಿಯವರು ಹೆಚ್ಚು ಕೊಡುತ್ತೇವೆನ್ನುತ್ತಿದ್ದಾರೆ.

ಮೇಲ್ವಿಚಾರಕರು: 2021ರಲ್ಲಿ ಹಳೆಯ ವಾಹನಗಳ ಗುಜರಿ ನೀತಿ ಪ್ರಕಟವಾದಾಗ ಸರ್ಕಾರ ಹೇಳಿದ ಅಂದಾಜು, ಅದೇ ಬಗೆಯ ಹೊಸ ಕಾರಿನ ಷೋರೂಂ ಬೆಲೆಯ ಶೇಕಡ 4ರಿಂದ 6. ವಾಹನ ನೋಡದೆ ನಾನು ಬೆಲೆ ಹೇಳುವುದಿಲ್ಲ. ನಮ್ಮಲ್ಲಿ ಕೊಟ್ಟರೆ, ವಾಹನವನ್ನು ಒಪ್ಪಿಸಿದ್ದಕ್ಕೆ ದಾಖಲೆಯಾಗಿ ಠೇವಣಿ ಪ್ರಮಾಣಪತ್ರ ಸಿಗುತ್ತದೆ, ಅದರ ಮೇಲೆ ಹೊಸ ಖಾಸಗಿ ವಾಹನದ ರಸ್ತೆ ತೆರಿಗೆಯಲ್ಲಿ ಶೇಕಡ 25ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮ ಅವಕಾಶ ಕೊಟ್ಟಿದೆ. ಗುಜರಿಯವರು ಕೊಡುವ ಹೆಚ್ಚಿನ ಹಣದಲ್ಲಿ ಇದನ್ನೂ, ರದ್ದಾಗದ ಆರ್.ಸಿ.ಯ ತಲೆನೋವನ್ನೂ ಕಳೆದು ನೋಡಿ.

ಗುಬ್ಬಿಯ ಸದಸ್ಯರು: ನಾನು ಈಚೆಗೆ 2014ರ ಒಂದು ಸಣ್ಣ ಕಾರನ್ನು ಕೊಂಡೆ. ಸ್ಟೀರಿಂಗಿನ ನಡುವಿನ ಮುಚ್ಚಳದ ಬಣ್ಣ ಡ್ಯಾಶ್‌ಬೋರ್ಡಿಗಿಂತ ಕೊಂಚ ಬೇರೆಯಾಗಿತ್ತು. ವಿಚಾರಿಸಿದಾಗ, ಹಿಂದೊಮ್ಮೆ ಅಪಘಾತವಾಗಿ ಏರ್‌ಬ್ಯಾಗ್ ಸಿಡಿದಿತ್ತು, ಹೊಸದು ದುಬಾರಿಯೆಂದು ಮೆಕ್ಯಾನಿಕ್ ಗುಜರಿಯಿಂದ ತಂದು ಹಾಕಿದ್ದಾನೆ ಎಂದು ತಿಳಿಯಿತು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹೊತ್ತುವುದೇ ಇಲ್ಲ. ದೀಪ ಹೊತ್ತದಿದ್ದರೆ ಎಲ್ಲ ಸರಿಯಿದೆಯೆಂದೂ, ಹೊತ್ತಿದರೆ ಒಂದು ರೆಸಿಸ್ಟರ್ ಹಾಕಿದರೆ ಸಾಕೆಂದೂ ಇದೇ ಗುಂಪಿನಲ್ಲಿ ವಿಡಿಯೋ ಬಂದಿತ್ತು. ಮನೆಯವರೆಲ್ಲ ಇದೇ ಕಾರಿನಲ್ಲಿ ಓಡಾಡುತ್ತಾರೆ.

ಮೇಲ್ವಿಚಾರಕರು: ಇದುವರೆಗಿನ ಪ್ರಶ್ನೆಗಳಲ್ಲಿ ನನಗೆ ಆತಂಕ ಹುಟ್ಟಿಸಿದ್ದು ಇದು, ಆದ್ದರಿಂದ ವಿಸ್ತಾರವಾಗಿ ಬರೆಯುತ್ತೇನೆ.

ಕೀಲಿ ತಿರುಗಿಸಿದೊಡನೆ ಆ ದೀಪ ಕೆಲವು ಸೆಕೆಂಡು ಹೊತ್ತಿ, ಆಮೇಲೆ ಆರಬೇಕು. ಹೊತ್ತಿದ್ದು ಆರದಿದ್ದರೆ ದೋಷವಿದೆ. ಹೊತ್ತುವುದೇ ಇಲ್ಲವಾದರೆ ಹೆಚ್ಚಿನ ಸಂದರ್ಭಗಳಲ್ಲಿ ಯಾರೋ ಬಲ್ಬನ್ನು ಕಿತ್ತಿದ್ದಾರೆ ಅಥವಾ ಅದರ ಮೇಲೆ ಕಪ್ಪು ಪಟ್ಟಿ ಅಂಟಿಸಿದ್ದಾರೆ. ಇನ್ನು ರೆಸಿಸ್ಟರ್. ಏರ್‌ಬ್ಯಾಗನ್ನು ಸಿಡಿಸುವ ಪುಟ್ಟ ಭಾಗವಾದ ಕಿಡಿಗುಂಡಿಗೆ ಎರಡು ಮೂರು ಓಂನಷ್ಟು ರೋಧ, ಅಂದರೆ ವಿದ್ಯುತ್ತಿಗೆ ತಡೆ, ಇರುತ್ತದೆ, ನಿಯಂತ್ರಕ ಪೆಟ್ಟಿಗೆ ಆ ರೋಧವನ್ನು ಅಳೆದು ಬ್ಯಾಗ್ ಇದೆಯೆಂದು ನಂಬುತ್ತದೆ. ಅಷ್ಟೇ ರೋಧದ ರೆಸಿಸ್ಟರ್ ಸಿಕ್ಕಿಸಿದರೆ ದೀಪ ಶಿಸ್ತಾಗಿ ಹೊತ್ತಿ ಆರುತ್ತದೆ, ಮುಚ್ಚಳದ ಒಳಗೆ ಬ್ಯಾಗೇ ಇರುವುದಿಲ್ಲ. ನೀರಿಲ್ಲದ ಬಾವಿಗೆ ಹೊಸ ಹಗ್ಗ, ಹೊಸ ರಾಟೆ ಕಟ್ಟಿ ತೋರಿಸಿದ ಹಾಗಾಯಿತು. ಆ ವಿಡಿಯೋ ಹಂಚಿದವರು ದಯವಿಟ್ಟು ಅದನ್ನು ಅಳಿಸಿಹಾಕಲಿ.

ಒಳಗೆ ಬ್ಯಾಗ್ ನಿಜವಾಗಿಯೂ ಇದ್ದರೆ ನೆಮ್ಮದಿಯೆಂದು ತಿಳಿಯಬೇಡಿ. ಜಪಾನಿನ ತಕಾತ ಕಂಪನಿಯ ಏರ್‌ಬ್ಯಾಗುಗಳಲ್ಲಿ ಅನಿಲ ಹುಟ್ಟಿಸಲು ಬಳಸಿದ್ದ ಅಮೋನಿಯಂ ನೈಟ್ರೇಟ್, ವರ್ಷಗಟ್ಟಲೆ ಬಿಸಿಲು ಮತ್ತು ತೇವಕ್ಕೆ ಸಿಕ್ಕಿ ಕೆಟ್ಟು, ಸಿಡಿಯುವಾಗ ಲೋಹದ ಕವಚವನ್ನೇ ಚೂರುಮಾಡಿ ಚಾಲಕರ ಮುಖ, ಕುತ್ತಿಗೆಗಳಿಗೆ ಎಸೆದ ಪ್ರಕರಣಗಳು ಜಗತ್ತಿನಾದ್ಯಂತ ನಡೆದವು. ಕೋಟಿಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಲಾಯಿತು, ಕಂಪನಿ 2017ರಲ್ಲಿ ದಿವಾಳಿಯಾಯಿತು, ಭಾರತದಲ್ಲಿ ಮಾರಾಟವಾದ ಕಾರುಗಳೂ ಆ ಪಟ್ಟಿಯಲ್ಲಿದ್ದವು. ಇಲ್ಲಿ ಗುಜರಿಯ ಪಾತ್ರ ಏನೆಂದು ಯೋಚಿಸಿ. ಹಿಂದಕ್ಕೆ ಕರೆಯುವ ನೋಟಿಸು ಚಾಸಿ ಸಂಖ್ಯೆಯನ್ನು ಹಿಡಿದು ಮಾಲೀಕರಿಗೆ ಹೋಗುತ್ತದೆ. ಬ್ಯಾಗನ್ನು ಆ ಕಾರಿನಿಂದ ಕಿತ್ತು ಇನ್ನೊಂದಕ್ಕೆ ಹಾಕಿದ ಕ್ಷಣದಿಂದ ನೋಟಿಸು ಒಂದು ಕಡೆ, ಬ್ಯಾಗ್ ಇನ್ನೊಂದು ಕಡೆ. ನಿಮ್ಮ ಕಾರಿನ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿದರೆ ಎಲ್ಲ ಸರಿಯಿದೆಯೆಂದೇ ಬರುತ್ತದೆ.

ನಮ್ಮ ಕೇಂದ್ರದಲ್ಲಿ ಬ್ಯಾಟರಿ ತಂತಿ ಕಳಚಿ, ನಿಯಂತ್ರಕದ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತು ಇಳಿಯಲು ಸಮಯ ಕೊಟ್ಟು, ಸಿಡಿಯದ ಬ್ಯಾಗುಗಳನ್ನೂ ಸೀಟ್ ಬೆಲ್ಟ್ ಬಿಗಿಯುವ ಮದ್ದಿನ ಕೊಳವೆಗಳನ್ನೂ ದೂರದಿಂದ ಸಿಡಿಸಿ ನಿಷ್ಕ್ರಿಯಗೊಳಿಸುತ್ತೇವೆ. ಮಾರುವುದಿಲ್ಲ. ಬಾಗಿಲು, ಬಾನೆಟ್, ಆಲ್ಟರ್ನೇಟರ್, ಸ್ಟಾರ್ಟರ್, ಗಾಜು, ಗೇರ್‌ಬಾಕ್ಸ್ ಇವುಗಳನ್ನು ಪರೀಕ್ಷಿಸಿ ಧೈರ್ಯವಾಗಿ ಕೊಳ್ಳಬಹುದು, ಏಕೆಂದರೆ ಇವು ಕೆಟ್ಟರೆ ಕಾರು ನಿಲ್ಲುತ್ತದೆ ಅಥವಾ ಸದ್ದು ಮಾಡುತ್ತದೆ. ಏರ್‌ಬ್ಯಾಗ್ ಕೆಟ್ಟಿದೆಯೆಂದು ತಿಳಿಯುವುದು ಅಪಘಾತದಲ್ಲಿ ಮಾತ್ರ. ನೀವು ಸ್ಟೀರಿಂಗಿನ ಮುಚ್ಚಳ ಮುಟ್ಟದೆ, ಕಾರನ್ನು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಒಯ್ದು ಬ್ಯಾಗಿನ ಸಂಖ್ಯೆ, ಸ್ಟೀರಿಂಗಿನ ಕೆಳಗಿನ ಸುರುಳಿ ತಂತಿ ಮತ್ತು ನಿಯಂತ್ರಕದಲ್ಲಿ ಉಳಿದಿರುವ ಅಪಘಾತದ ದಾಖಲೆ, ಈ ಮೂರನ್ನೂ ನೋಡಿಸಿ. ಅಲ್ಲಿಯವರೆಗೆ ಎಲ್ಲರೂ ಬೆಲ್ಟ್ ಹಾಕಿಕೊಳ್ಳಿ, ಅದು ಹೇಗೂ ಹಾಕಿಕೊಳ್ಳಬೇಕಾದದ್ದೇ.

ಮಧುಗಿರಿಯ ಸದಸ್ಯರು: ಎಲ್ಲರಿಗೂ ಉಪಯುಕ್ತ ಮಾಹಿತಿ. ಸತ್ತ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ. ಪ್ರತಿ ಕೋಣೆಗೆ ಒಂದು ಚಮಚ ಎಪ್ಸಮ್ ಉಪ್ಪು ಮತ್ತು ಎರಡು ಆಸ್ಪಿರಿನ್ ಮಾತ್ರೆ ಹಾಕಿದರೆ ಹೊಸದರಂತಾಗುತ್ತದೆ. ಬಂದಂತೆ ಕಳಿಸಿದ್ದೇನೆ.

ಮೇಲ್ವಿಚಾರಕರು: ಬಂದಂತೆ ಕಳಿಸುವ ಮೊದಲು ಒಮ್ಮೆ ಓದಬೇಕಿತ್ತು. ಆಸ್ಪಿರಿನ್ ಆಮ್ಲದಲ್ಲಿ ಒಡೆದು ಅಸಿಟಿಕ್ ಆಮ್ಲವಾಗಿ ಸೀಸದ ತಟ್ಟೆಗಳನ್ನೇ ತಿನ್ನುತ್ತದೆ. ತಟ್ಟೆಯಿಂದ ಉದುರಿ ತಳದಲ್ಲಿ ಕೂತ ಪುಡಿಯನ್ನು ಎಪ್ಸಮ್ ಉಪ್ಪು ಮತ್ತೆ ಮೇಲೆತ್ತಿ ಅಂಟಿಸುವುದಿಲ್ಲ. ಮುಚ್ಚಳ ತೆಗೆಯುವವರ ಕಣ್ಣಿಗೆ ಸಲ್ಫ್ಯೂರಿಕ್ ಆಮ್ಲ ಹಾರುತ್ತದೆ, ಚಾರ್ಜಿಗೆ ಹಾಕಿದಾಗ ಹೊರಡುವ ಹೈಡ್ರೋಜನ್ನಿಗೆ ಒಂದು ಕಿಡಿ ಸಾಕು. ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟು ಬೆಲೆಯಲ್ಲಿ ಕಡಿತ ಪಡೆಯಿರಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವುದು ತಯಾರಕರ ಹೊಣೆ.

ಪಾವಗಡದ ಸದಸ್ಯರು: ವಿದ್ಯುತ್ ಸ್ಕೂಟರಿನ ಹಳೆಯ ಬ್ಯಾಟರಿಗೂ ಇದೇ ನಿಯಮವೇ? ಅದರ ಒಳಗಿನ ಸೆಲ್ಲುಗಳನ್ನು ಸೋಲಾರಿಗೆ ಬಳಸಬಹುದೇ?

ಬಟವಾಡಿಯ ಸದಸ್ಯರು: ನನಗೆ ಒಂದು ಮಾತು ಹೇಳಲೇಬೇಕಾಗಿದೆ. ಗುಜರಿ ಅಂಗಡಿಗಳೆಂದರೆ ಕದ್ದ ವಾಹನಗಳ ಕೊನೆಯ ನಿಲ್ದಾಣ. ರಾತ್ರಿ ಹೋದ ಬೈಕು ಬೆಳಿಗ್ಗೆ ಬಿಡಿಭಾಗವಾಗಿರುತ್ತದೆ.

ಕುಣಿಗಲ್ಲಿನ ಸದಸ್ಯರು: ನಮ್ಮ ಕುಟುಂಬ ಎರಡು ತಲೆಮಾರಿನಿಂದ ಹಳೆಯ ಬಿಡಿಭಾಗಗಳ ಅಂಗಡಿ ನಡೆಸುತ್ತಿದೆ. ಆರ್.ಸಿ. ಪ್ರತಿ ಮತ್ತು ಮಾಲೀಕರ ಗುರುತಿನ ಚೀಟಿ ಇಲ್ಲದೆ ಒಂದು ವಾಹನವನ್ನೂ ಮುಟ್ಟಿದವರಲ್ಲ. ತಮ್ಮ ಟ್ರ್ಯಾಕ್ಟರಿಗೆ ಕಂಪನಿ ತಯಾರಿಕೆ ನಿಲ್ಲಿಸಿದ ಭಾಗ ಬೇಕಾದಾಗ ರೈತರು ಷೋರೂಮಿಗಲ್ಲ, ನಮ್ಮ ಬಳಿಗೆ ಬರುತ್ತಾರೆ. ಎಲ್ಲರನ್ನೂ ಕಳ್ಳರೆನ್ನಬೇಡಿ.

ಬಟವಾಡಿಯ ಸದಸ್ಯರು: ನಾನು ನಿಮ್ಮ ಹೆಸರು ಹೇಳಲಿಲ್ಲ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವರು ನೀವೇ.

ಕುಣಿಗಲ್ಲಿನ ಸದಸ್ಯರು: ಮಾತಿಗೆ ಮರ್ಯಾದೆ ಇರಲಿ.

ಸಿರಾದ ಸದಸ್ಯರು: ಮೂರು ವರ್ಷದ ಹಿಂದೆ ಗುಜರಿಗೆ ಕೊಟ್ಟ ನನ್ನ ಕಾರಿನ ಸಂಖ್ಯೆಗೆ ಈಗ ಬೆಂಗಳೂರಿನಲ್ಲಿ ಸಿಗ್ನಲ್ ಮುರಿದ ದಂಡದ ನೋಟಿಸು ಬಂದಿದೆ. ಕಾರನ್ನು ಅಂದೇ ತುಂಡರಿಸಿದೆವೆಂದು ಗುಜರಿಯವರು ಹೇಳುತ್ತಾರೆ.

ಮೇಲ್ವಿಚಾರಕರು: ಒಂದೋ ಕಾರು ತುಂಡಾಗಿಲ್ಲ, ಅಥವಾ ಅದರ ಸಂಖ್ಯಾಫಲಕ ಬೇರೆ ಕಾರಿನ ಮೇಲಿದೆ. ಎರಡೂ ದಂಡದ ಮೊತ್ತಕ್ಕಿಂತ ದೊಡ್ಡ ವಿಷಯ. ನಾಳೆ ಆ ಸಂಖ್ಯೆಯ ವಾಹನ ಯಾರಿಗಾದರೂ ಗುದ್ದಿದರೆ ದಾಖಲೆಯಲ್ಲಿ ಮಾಲೀಕರು ನೀವೇ. ನೋಟಿಸಿನ ಚಿತ್ರದಲ್ಲಿರುವ ಕಾರಿನ ಬಣ್ಣ, ಮಾದರಿ ನೋಡಿ, ಪೊಲೀಸರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಅದರ ಪ್ರತಿಯೊಡನೆ ಆರ್.ಟಿ.ಓ. ಕಚೇರಿಗೆ ಹೋಗಿ. 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಂತೆ ವಾಹನ ನಾಶವಾದ 14 ದಿನಗಳೊಳಗೆ ತಿಳಿಸಬೇಕಿತ್ತು. ನೋಂದಾಯಿತ ಕೇಂದ್ರದಲ್ಲಿ ವಾಹನ ಕಳವಿನದೇ, ಸಾಲ ಬಾಕಿಯಿದೆಯೇ ಎಂದು ಮೊದಲು ದಾಖಲೆಗಳಲ್ಲಿ ನೋಡುತ್ತೇವೆ, ಚಾಸಿ ಸಂಖ್ಯೆಯಿರುವ ತುಂಡನ್ನು ಕತ್ತರಿಸಿ ಬೇರೆ ಇಡುತ್ತೇವೆ. ಬಟವಾಡಿಯವರಿಗೂ ಕುಣಿಗಲ್ಲಿನವರಿಗೂ ಇದೇ ಉತ್ತರ.

ತುರುವೇಕೆರೆಯ ಸದಸ್ಯರು: ನನ್ನ ಕಾರಿಗೆ 16 ವರ್ಷ. ಜಪ್ತಿ ಮಾಡುತ್ತಾರೆಯೇ?

ಮೇಲ್ವಿಚಾರಕರು: ಮೇಲೆ ಓದಿ.

ಬಟವಾಡಿಯ ಸದಸ್ಯರು: ಸಿರಾದವರ ಅನುಭವವೇ ನನ್ನ ಮಾತಿಗೆ ಸಾಕ್ಷಿ. ಈಗ ಏನೆನ್ನುತ್ತೀರಿ?

ಕುಣಿಗಲ್ಲಿನ ಸದಸ್ಯರು: ಹೆಚ್ಚು ಹಣ ಬೇಕೆಂದು ಕಾಗದವಿಲ್ಲದೆ ಕೊಡುವವರು ನಿಮ್ಮಂಥ ಮಾಲೀಕರೇ. ಕೊಳ್ಳುವವರು ಮಾತ್ರ ಕಳ್ಳರೇ?

ನಿರ್ವಾಹಕರು: ಇಬ್ಬರೂ ನಿಲ್ಲಿಸಬೇಕು. ಮುಂದಿನ ವೈಯಕ್ತಿಕ ಮಾತನ್ನು ಅಳಿಸುತ್ತೇನೆ.

ಹೆಗ್ಗೆರೆಯ ಸದಸ್ಯರು: ಸೈಲೆನ್ಸರಿನ ಜೇನುಗೂಡಿನಂಥ ಭಾಗದಲ್ಲಿ ಪ್ಲಾಟಿನಂ ಇದೆಯಂತೆ. ಅದನ್ನು ಮನೆಯಲ್ಲೇ ಪುಡಿಮಾಡಿ ತೆಗೆಯುವ ವಿಡಿಯೋ ನೋಡಿದೆ.

ಮೇಲ್ವಿಚಾರಕರು: ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವುದು ನಿಜ, ಕೆಲವೇ ಗ್ರಾಂ. ಅದನ್ನು ತೆಗೆಯಲು ಬೇಕಾದ ಆಮ್ಲದ ಹೊಗೆ ಮತ್ತು ಆ ಪಿಂಗಾಣಿಯ ದೂಳು ನಿಮ್ಮ ಶ್ವಾಸಕೋಶಕ್ಕೆ. ಮಾಡಬೇಡಿ.

ಮಧುಗಿರಿಯ ಸದಸ್ಯರು: ನನ್ನ ಭಾವ ಉಪ್ಪು ಹಾಕಿದ ಬ್ಯಾಟರಿ ಆರು ತಿಂಗಳು ನಡೆಯಿತು. ತಜ್ಞರಿಗೆ ಎಲ್ಲವೂ ತಪ್ಪಾಗಿಯೇ ಕಾಣುತ್ತದೆ.

ಮೇಲ್ವಿಚಾರಕರು: ಹಾಗಾದರೆ ಭಾವನವರನ್ನೇ ಕೇಳಿ.

ಗುಬ್ಬಿಯ ಸದಸ್ಯರು: ಕಾಯಲಾಗದೆ ಪಕ್ಕದ ಗ್ಯಾರೇಜಿನಲ್ಲಿ ಮುಚ್ಚಳ ತೆಗೆಸಿದೆ. ಒಳಗೆ ಬ್ಯಾಗ್ ಇದೆ, ಆದರೆ ಅದರ ಚೀಟಿಯನ್ನು ಕೆರೆದು ತೆಗೆದಿದ್ದಾರೆ. ಈಗ ಅದು ನಮ್ಮ ಮನೆಯ ಮೇಜಿನ ಮೇಲಿದೆ.

ಮೇಲ್ವಿಚಾರಕರು: ಮುಟ್ಟಬೇಡಿರೆಂದು ಬರೆದಿದ್ದೆ. ಮುಚ್ಚಳದ ಮುಖ ಮೇಲಿರುವಂತೆ ಇಡಿ. ಕವುಚಿ ಇಟ್ಟರೆ ಸಿಡಿದಾಗ ಇಡೀ ಗಟ್ಟಿ ಭಾಗ ಸೂರಿಗೆ ಚಿಮ್ಮುತ್ತದೆ. ಎತ್ತಿ ಒಯ್ಯುವಾಗ ಮುಚ್ಚಳ ಮೈಯಿಂದ ಆಚೆಗಿರಲಿ. ಮಲ್ಟಿಮೀಟರ್ ಹಚ್ಚಿ ರೋಧ ಅಳೆಯಲು ಯಾರಿಗೂ ಬಿಡಬೇಡಿ, ಆ ಸಣ್ಣ ವಿದ್ಯುತ್ತೇ ಕಿಡಿಗುಂಡಿಗೆ ಸಾಕಾಗಬಹುದು. ಅಡುಗೆಮನೆ, ಬಿಸಿಲು, ಮಕ್ಕಳು ಈ ಮೂರರಿಂದ ದೂರವಿಡಿ. ಸಂಖ್ಯೆ ಕೆರೆದ ಬ್ಯಾಗನ್ನು ಮತ್ತೆ ಕಾರಿಗೆ ಹಾಕಬಾರದು. ನಾಳೆ ಬೆಳಿಗ್ಗೆ ಸರ್ವಿಸ್ ಕೇಂದ್ರಕ್ಕೆ ಫೋನ್ ಮಾಡಿ, ಬ್ಯಾಗನ್ನು ನೀವೇ ಒಯ್ಯದೆ ಅವರ ತಂತ್ರಜ್ಞರನ್ನು ಮನೆಗೆ ಕರೆಸಿ.