ಫ್ರಿಜ್, ಮಿಕ್ಸಿ ಎರಡೂ ಕೆಟ್ಟಿವೆ: ಕಡಿಮೆ ಖರ್ಚಿನಲ್ಲಿ ರಿಪೇರಿಗೆ ಯಾರನ್ನು ಕೇಳಬೇಕು?

ತಿಪಟೂರಿನ ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮ್ಮ ತಿಪಟೂರಿನಲ್ಲಿ ಒಬ್ಬರೇ ಇದ್ದಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ಹೋದ ಮೇಲೆ ಬರುವ ಪೆನ್ಷನ್‌ನಲ್ಲೇ ಅಮ್ಮ ಮನೆ ನಡೆಸುತ್ತಾರೆ. ನಾನು ಕೊಟ್ಟರೆ ಬೇಡ ಅನ್ನುತ್ತಾರೆ. ಹಾಗಾಗಿ ಒಂದೊಂದು ರೂಪಾಯಿಗೂ ಅವರಿಗೆ ಲೆಕ್ಕ ಇದೆ.

ಈ ತಿಂಗಳು ಎರಡು ಸಾಮಾನು ಒಟ್ಟಿಗೆ ಕೈಕೊಟ್ಟಿವೆ. ಮಿಕ್ಸಿಯ ಸ್ವಿಚ್ ಹಾಕಿದರೆ ಮೋಟಾರ್ ಗರ್ ಅಂತ ಓಡುತ್ತದೆ, ಜಾರಿನಲ್ಲಿ ಬ್ಲೇಡ್ ತಿರುಗುತ್ತಿಲ್ಲ. ಕಾಯಿ ರುಬ್ಬುವಾಗ ರಬ್ಬರ್ ಸುಟ್ಟ ಹಾಗೆ ವಾಸನೆ ಬಂತಂತೆ. ಫ್ರಿಜ್ ಸಿಂಗಲ್ ಡೋರ್, ಏಳು ವರ್ಷ ಹಳೆಯದು. ಬಾಗಿಲು ತೆಗೆದರೆ ಲೈಟ್ ಹತ್ತುತ್ತದೆ, ಒಳಗೆ ತಣ್ಣಗಾಗುತ್ತಿಲ್ಲ.

ಮನೆಗೆ ಬಂದ ಮೆಕ್ಯಾನಿಕ್ ಐದು ನಿಮಿಷ ನೋಡಿ, ಕಂಪ್ರೆಸರ್ ಹೋಗಿದೆ, 8,500 ಆಗುತ್ತದೆ, ಅದರ ಬದಲು ಹೊಸದು ತಗೊಳ್ಳಿ ಎಂದರಂತೆ. ನೋಡಿದ್ದಕ್ಕೆ 400 ತಗೊಂಡು ಹೋದರು. ಅಮ್ಮ ಅವತ್ತಿನಿಂದ ಹಾಲನ್ನು ಬೆಳಿಗ್ಗೆ ಸಂಜೆ ಎರಡೆರಡು ಸಲ ಕಾಯಿಸಿ ಇಡುತ್ತಿದ್ದಾರೆ.

ಪುಕ್ಕಟೆಯಾಗಿ ಅಥವಾ ಕಡಿಮೆ ಖರ್ಚಿನಲ್ಲಿ ರಿಪೇರಿ ಮಾಡಿಕೊಡುವವರು, ಕೊನೇಪಕ್ಷ ನಿಜ ಹೇಳುವವರು ಎಲ್ಲಿ ಸಿಗುತ್ತಾರೆ? ಮಿಕ್ಸಿಯನ್ನು ನಾನು ಬೆಂಗಳೂರಿಗೆ ತರಬಹುದು. ಫ್ರಿಜ್‌ಗೆ ಊರಲ್ಲೇ ದಾರಿ ಬೇಕು.

ಜಯನಗರದ ಅಕ್ಕ:

ಮಿಕ್ಸಿ ತರುವುದಾದರೆ ರಿಪೇರ್ ಕೆಫೆ ಬೆಂಗಳೂರು ಅಂತ ಒಂದು ಬಳಗ ಇದೆ, ಹುಡುಕಿ ನೋಡಿ. 2015ರಲ್ಲಿ ಅಂತರಾ ಮುಖರ್ಜಿ ಮತ್ತು ಪೂರ್ಣಾ ಸರ್ಕಾರ್ ಶುರು ಮಾಡಿದ್ದು. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟೀನ್ ಪೋಸ್ಟ್ಮಾ ಎಂಬುವರು ಹುಟ್ಟುಹಾಕಿದ ಯೋಚನೆ ಅದು. ಕೆಟ್ಟ ಸಾಮಾನು ತಗೊಂಡು ಹೋದರೆ, ಕೆಲಸ ಗೊತ್ತಿರುವವರು ನಿಮ್ಮನ್ನು ಪಕ್ಕದಲ್ಲೇ ಕೂರಿಸಿಕೊಂಡು ಬಿಚ್ಚಿ ತೋರಿಸುತ್ತಾರೆ. ನೀವೂ ಸ್ಕ್ರೂಡ್ರೈವರ್ ಹಿಡಿಯಬೇಕು. ಕೊಟ್ಟು ಬಂದು ಸಂಜೆ ವಾಪಸ್ ತರುವ ಅಂಗಡಿ ಅಲ್ಲ ಅದು. ಪ್ರತಿದಿನ ಇರುವುದಿಲ್ಲ, ಆಗಾಗ ಬೇರೆ ಬೇರೆ ಬಡಾವಣೆಯಲ್ಲಿ ನಡೆಸುತ್ತಾರೆ. ಮುಂದಿನದು ಯಾವಾಗ, ಎಲ್ಲಿ ಅಂತ ವಿಚಾರಿಸಿಕೊಂಡೇ ಹೊರಡಿ.

ಹಳೇ ವೈಂಡರ್, ಅರಸೀಕೆರೆ:

ತಂಗಿ, ಮಿಕ್ಸಿಗಾಗಿ ಬೆಂಗಳೂರಿಗೆ ಹೊರೆ ಹೊರಬೇಡಿ. ನಾನು ಮೂವತ್ತು ವರ್ಷ ಮೋಟಾರ್ ವೈಂಡಿಂಗ್, ಅಂದರೆ ಮೋಟಾರ್‌ಗೆ ತಂತಿ ಸುತ್ತುವ ಅಂಗಡಿ ನಡೆಸಿದವನು. ಫ್ರಿಜ್ ಕೆಲಸವನ್ನೂ ಮಾಡಿದ್ದೇನೆ. ಈಗ ಅಂಗಡಿ ಮಗ ನೋಡಿಕೊಳ್ಳುತ್ತಾನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಅಮ್ಮನಿಗೆ ಓದಿ ಹೇಳಿ.

ಮೋಟಾರ್ ಓಡಿ ಬ್ಲೇಡ್ ತಿರುಗದಿದ್ದರೆ ಮೋಟಾರ್ ಸರಿಯಾಗಿದೆ ಎಂದೇ ಅರ್ಥ. ನಡುವೆ ಇರುವ ಕಪ್ಲರ್ ಸವೆದಿದೆ. ಪ್ಲಗ್ ತೆಗೆದು, ಜಾರ್ ಎತ್ತಿ ನೋಡಿ. ಮೇಲೆ ಕಪ್ಪು ಹಲ್ಲಿನ ಚಕ್ರ ಇರುತ್ತದೆ. ಹಲ್ಲುಗಳ ಮೂಲೆ ಉರುಟಾಗಿ, ಸುತ್ತ ಕಪ್ಪು ಪುಡಿ ಉದುರಿದ್ದರೆ ಅದೇ. ರಬ್ಬರ್ ವಾಸನೆಯೂ ಅಲ್ಲಿಂದಲೇ ಬಂದಿರಬೇಕು. ಪಾತ್ರೆ ಅಂಗಡಿಯವರೂ ಕಪ್ಲರ್ ಇಟ್ಟಿರುತ್ತಾರೆ. ಕಂಪನಿ, ಮಾಡೆಲ್ ಹೇಳಿದರೆ ಸಾಕು. ಸಾಮಾನಿಗೆ ನೂರು ರೂಪಾಯಿ ದಾಟಬಾರದು. ಕೆಳಗಿನಿಂದ ಮೋಟಾರ್ ಶಾಫ್ಟ್ ಅಲುಗದ ಹಾಗೆ ಹಿಡಿದು, ಮಿಕ್ಸಿ ಯಾವ ಕಡೆ ತಿರುಗುತ್ತದೋ ಅದೇ ಕಡೆಗೆ ಕಪ್ಲರ್ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಉಲ್ಟಾ ಕಡೆಗೆ ಎಷ್ಟು ಶಕ್ತಿ ಹಾಕಿದರೂ ಇನ್ನೂ ಬಿಗಿಯಾಗುತ್ತದೆ.

ಒಂದು ಮಾತು ಮರೆಯಬೇಡಿ. ಹೊಸ ಕಪ್ಲರ್ ಹಾಕುವ ಮೊದಲು ಜಾರನ್ನು ಬೋರಲು ಹಾಕಿ, ಕೆಳಗಿನ ಹಲ್ಲನ್ನು ಕೈಯಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ದರೆ ಜಾರಿನ ಬುಷ್, ಅಂದರೆ ಬ್ಲೇಡಿನ ಕಡ್ಡಿ ತಿರುಗುವ ಬಳೆ, ಹಿಡಿದುಕೊಂಡಿದೆ. ಮೊದಲು ಕೆಟ್ಟಿದ್ದು ಅದು, ಕಪ್ಲರ್ ಆಮೇಲೆ. ಬುಷ್ ಬಿಟ್ಟು ಬರೀ ಕಪ್ಲರ್ ಬದಲಿಸಿದರೆ ಅದೂ ಬೇಗ ಸವೆದುಹೋಗುತ್ತದೆ.

ಇನ್ನು ಫ್ರಿಜ್. ಮೀಟರ್ (ಕರೆಂಟ್ ಅಳೆಯುವ ಮಲ್ಟಿಮೀಟರ್) ಹಚ್ಚದೆ ಕಂಪ್ರೆಸರ್ ಹೋಗಿದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅದು ಹೋಗಿರಲೂಬಹುದು. ಆದರೆ ಅದಕ್ಕಿಂತ ಮುಂಚೆ ನೋಡಬೇಕಾದ ಚಿಕ್ಕ ಸಾಮಾನುಗಳು ಎಷ್ಟೋ ಇವೆ.

ಅಮ್ಮ ಒಂದು ಕೆಲಸ ಮಾಡಲಿ. ಟಿವಿ, ಫ್ಯಾನ್ ಆಫ್ ಮಾಡಿ, ಫ್ರಿಜ್ ಹಿಂದೆ ಕಿವಿ ಕೊಟ್ಟು ನಿಲ್ಲಲಿ. ಮುಟ್ಟುವುದು ಬೇಡ. ಹೂಂ ಅಂತ ಕೆಲವು ಸೆಕೆಂಡ್ ಗುಂಯ್‌ಗುಟ್ಟಿ, ಕಟ್ ಅಂತ ಸದ್ದಾಗಿ ನಿಂತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಗೇ ಆಗುತ್ತಿದೆಯಾ? ಹಾಗಿದ್ದರೆ ಕಂಪ್ರೆಸರ್ ಹೊರಡಲು ಒದ್ದಾಡುತ್ತಿದೆ. ಕರೆಂಟ್ ಬರುತ್ತಿದೆ, ಆದರೆ ಸ್ಟಾರ್ಟ್ ಆಗುತ್ತಿಲ್ಲ. ಕಟ್ ಅನ್ನುವುದು ಓವರ್‌ಲೋಡ್ ಎಂಬ ರಕ್ಷಣೆಯ ಸ್ವಿಚ್. ಮೋಟಾರ್ ಸುಡದಿರಲಿ ಅಂತ ಕರೆಂಟ್ ಕಡಿಯುತ್ತದೆ. ಇದಕ್ಕೆ ಮೂರು ಕಾರಣ ಇರಬಹುದು. ವೋಲ್ಟೇಜ್ ಕಡಿಮೆ, ಕಂಪ್ರೆಸರನ್ನು ಸ್ಟಾರ್ಟ್ ಮಾಡುವ ರಿಲೇ ಹೋಗಿರುವುದು, ಇಲ್ಲವೇ ಕಂಪ್ರೆಸರ್ ಒಳಗೆ ಜಾಮ್ ಆಗಿರುವುದು. ಸಂಜೆ ಪೂರ್ತಿ ಬೀದಿಯಲ್ಲೇ ಬಲ್ಬ್ ಮಂಕಾಗುತ್ತಿದ್ದರೆ ಮೆಕ್ಯಾನಿಕ್‌ಗಿಂತ ಮೊದಲು 1912ಕ್ಕೆ ಫೋನ್ ಮಾಡಿ ಬೆಸ್ಕಾಂಗೆ ಹೇಳಿ. ಅದಕ್ಕೆ ದುಡ್ಡಿಲ್ಲ.

ರಿಲೇ ಅನ್ನುವುದು ಕಂಪ್ರೆಸರ್ ಪಕ್ಕದಲ್ಲಿ ಸಿಕ್ಕಿಸಿರುವ ಬೆಂಕಿಪೊಟ್ಟಣದಷ್ಟು ಡಬ್ಬಿ. ಪ್ಲಗ್ ಕಿತ್ತು, ಅದನ್ನು ತೆಗೆದು ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಚೂರು ಚೂರಾಗಿ ಗಲಗಲ ಅಂದರೆ ಅದು ಮುಗಿಯಿತು. ಕೆಲವು ನೂರು ರೂಪಾಯಿ ಒಳಗಿನ ಸಾಮಾನು. ರಿಲೇ ತೆಗೆದ ಮೇಲೆ ಕಂಪ್ರೆಸರ್‌ನಲ್ಲಿ ಮೂರು ಪಿನ್ ಕಾಣಿಸುತ್ತವೆ. ಎರಡೆರಡು ಪಿನ್ ನಡುವೆ ಮೀಟರ್ ಇಟ್ಟರೆ ಮೂರು ಅಳತೆ ಬರುತ್ತವೆ. ಚಿಕ್ಕವೆರಡನ್ನು ಕೂಡಿಸಿದರೆ ದೊಡ್ಡದು ಬರಬೇಕು. ಪಿನ್‌ಗೂ ಕಂಪ್ರೆಸರ್ ಬಾಡಿಗೂ ನಡುವೆ ಏನೂ ತೋರಿಸಬಾರದು. ಇಷ್ಟು ಸರಿ ಇದ್ದರೆ ವೈಂಡಿಂಗ್ ಸರಿಯಾಗಿದೆ. ಹೊಸ ರಿಲೇ ಹಾಕಿದ ಮೇಲೂ ಎದ್ದೇಳದಿದ್ದರೆ ಆಗ ಮಾತ್ರ ಕಂಪ್ರೆಸರ್ ಜಾಮ್ ಎನ್ನಬೇಕು. ಇದು ಮಾಮೂಲಿ ಕಂಪ್ರೆಸರ್ ಮಾತು. ಫ್ರಿಜ್ ಮೇಲೆ ಇನ್ವರ್ಟರ್ ಅಂತ ಸ್ಟಿಕ್ಕರ್ ಇದ್ದರೆ ಲೆಕ್ಕವೇ ಬೇರೆ, ಅದರಲ್ಲಿ ಎಲೆಕ್ಟ್ರಾನಿಕ್ ಬೋರ್ಡ್ ನೋಡಬೇಕು. ಅಮ್ಮ ಇದನ್ನೆಲ್ಲ ಬಿಚ್ಚುವುದು ಖಂಡಿತ ಬೇಡ. ಬಂದವರು ಇಷ್ಟು ನೋಡಿದರಾ ಅಂತ ಕೇಳುವುದಕ್ಕೆ ಬರೆದೆ.

ಗ್ಯಾಸ್ ಖಾಲಿ ಅಂದರೆ ಇನ್ನೂ ಹುಷಾರಾಗಿರಿ. ಫ್ರಿಜ್ ಗ್ಯಾಸ್ ಅಡುಗೆ ಸಿಲಿಂಡರ್ ಥರ ಉರಿದು ತೀರುವುದಲ್ಲ. ಕಡಿಮೆ ಆಗಿದ್ದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕಿ ಮುಚ್ಚದೆ ಬರೀ ಗ್ಯಾಸ್ ತುಂಬಿದರೆ ಮತ್ತೆ ಅವರನ್ನೇ ಕರೆಸಬೇಕಾಗುತ್ತದೆ. ಸಿಂಗಲ್ ಡೋರ್‌ನಲ್ಲಿ ಐಸ್ ಕೆರೆಯಲು ಚಾಕು ಹಾಕಿ ತೂತು ಬೀಳುವುದೇ ಜಾಸ್ತಿ. ಹಿಂದಿನ ಲೇಬಲ್‌ನಲ್ಲಿ ಆರ್600ಎ ಅಂತ ಇದ್ದರೆ ಅದು ಹೊತ್ತಿಕೊಳ್ಳುವ ಗ್ಯಾಸ್. ಅಡುಗೆಮನೆಯಲ್ಲಿ ಒಲೆ ಪಕ್ಕ ಬ್ರೇಜಿಂಗ್ (ಬೆಂಕಿ ಹಿಡಿದು ಪೈಪ್ ಬೆಸೆಯುವುದು) ಮಾಡಲು ಬಿಡಲೇಬೇಡಿ. ಫ್ರಿಜ್ ಹೊರಗೆ ತರಿಸಿ.

ಕೊನೆಗೆ, ಯಾರನ್ನು ಕೇಳಬೇಕು ಅಂದಿರಲ್ಲ. ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ, ರೆಫ್ರಿಜರೇಶನ್ ಅಥವಾ ಎಲೆಕ್ಟ್ರಿಷಿಯನ್ ಟ್ರೇಡ್ ಇದೆಯಾ ಕೇಳಿ. ಪಾಠ ಹೇಳುವವರಿಗೆ ಯಾವ ಹುಡುಗ ಕೈಕೆಲಸದಲ್ಲಿ ಚೆನ್ನಾಗಿದ್ದಾನೆ, ಪಾಸಾಗಿ ಊರಲ್ಲೇ ಇದ್ದಾನೆ ಅಂತ ಗೊತ್ತಿರುತ್ತದೆ. ನನ್ನ ಅಂಗಡಿಗೆ ಬಂದ ಒಳ್ಳೆಯ ಹುಡುಗರೆಲ್ಲ ಹಾಗೆ ಬಂದವರೇ. ಹೊಸಬರು ಸಾಮಾನಿನ ದುಡ್ಡು, ಮೇಲೆ ಸ್ವಲ್ಪ ಕೂಲಿ ತಗೊಂಡು ಮನಸ್ಸಿಟ್ಟು ಮಾಡುತ್ತಾರೆ. ಅವರಿಗೆ ಕೆಲಸ ಬೇಕು, ನಿಮಗೆ ನಿಜ ಬೇಕು.

ತುಮಕೂರಿನ ವಕೀಲ:

ವೈಂಡರ್ ಅಣ್ಣ ಹೇಳಿದ್ದೆಲ್ಲ ಸರಿ. ಒಂದು ಸೇರಿಸುತ್ತೇನೆ. ಯಾರನ್ನಾದರೂ ಕರೆಸುವ ಮೊದಲು ವಾರಂಟಿ ಕಾರ್ಡ್ ಹುಡುಕಿ. ಇಡೀ ಫ್ರಿಜ್‌ಗೆ ಒಂದು ವರ್ಷ ಅಂತಿದ್ದರೂ ಕಂಪ್ರೆಸರ್‌ಗೆ ಬೇರೆ ವಾರಂಟಿ ಇರುತ್ತದೆ. ಎಷ್ಟೋ ಕಂಪನಿಗಳು 10 ವರ್ಷ ಕೊಡುತ್ತವೆ. ಏಳು ವರ್ಷದ ಫ್ರಿಜ್‌ಗೆ ಅದು ಇನ್ನೂ ನಡೆಯುತ್ತಿರಬಹುದು. ಹೊರಗಿನವರು ಗ್ಯಾಸ್ ಪೈಪ್ ಕತ್ತರಿಸಿದ ಮೇಲೆ ಕೇಳಿದರೆ ಕಂಪನಿ ತಕರಾರು ತೆಗೆಯುತ್ತದೆ. ಅದಕ್ಕೇ ಮೊದಲು ಕಾರ್ಡ್.

ಕಸ್ಟಮರ್ ಕೇರ್ ನಂಬರ್ ಕಾರ್ಡಿನಿಂದಲೋ ಕಂಪನಿಯ ಸ್ವಂತ ವೆಬ್‌ಸೈಟಿನಿಂದಲೋ ತಗೊಳ್ಳಿ. ಗೂಗಲ್‌ನಲ್ಲಿ ಮೇಲೆ ಬರುವುದು ಬೇಡ. ನಕಲಿ ನಂಬರ್ ಹಾಕಿ, ಹತ್ತು ರೂಪಾಯಿ ಕಟ್ಟಿ ಬುಕ್ ಮಾಡಿ ಅಂತ ಲಿಂಕ್ ಕಳಿಸಿ ಖಾತೆ ಖಾಲಿ ಮಾಡುವವರಿದ್ದಾರೆ. ಅಕಸ್ಮಾತ್ ಹಾಗಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಕೇಂದ್ರ ಸರ್ಕಾರದ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಪೋರ್ಟಲ್ 2022ರಿಂದ ಇದೆ. ಹಲವು ಕಂಪನಿಗಳ ಸರ್ವಿಸ್, ವಾರಂಟಿ ವಿವರ ಅಲ್ಲಿ ಒಂದೇ ಕಡೆ ಸಿಗುತ್ತದೆ.

ವಾರಂಟಿ ಇದ್ದೂ ಕಂಪನಿ ಒಪ್ಪದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ಶುಲ್ಕ ಇಲ್ಲ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಲೂ ಇಲ್ಲ. ವಕೀಲನಾಗಿಯೇ ಹೇಳುತ್ತಿದ್ದೇನೆ, ಇಂಥದ್ದಕ್ಕೆ ಅಮ್ಮನೇ ಹೋಗಿ ಮಾತಾಡಬಹುದು.

ತಿಪಟೂರಿನ ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏನಾಯಿತು ಅಂತ ಹೇಳಿಬಿಡುತ್ತೇನೆ.

ಮಿಕ್ಸಿಗೆ ಕಪ್ಲರ್ 60, ಜಾರಿನ ಬುಷ್ ಕೂಡ ಹಿಡಿದಿತ್ತು, ಕೂಲಿ ಸೇರಿ 210 ಆಯಿತು. ಅಮ್ಮನೇ ಅಂಗಡಿಯವರಿಗೆ ಜಾರ್ ಬೋರಲು ಹಾಕಿ ತಿರುಗಿಸಿ ತೋರಿಸಿದರಂತೆ.

ಫ್ರಿಜ್‌ನಲ್ಲಿ ಹೂಂ, ಕಟ್ ಸದ್ದು ಬರುತ್ತಿತ್ತು. ಐಟಿಐಯಲ್ಲಿ ಕೇಳಿದಾಗ ಒಬ್ಬ ಹುಡುಗನನ್ನು ಹೇಳಿದರು. ಅವನು ವೋಲ್ಟೇಜ್ ನೋಡಿದ, ಮೂರು ಪಿನ್ ಅಳೆದ, ತನ್ನ ಹತ್ತಿರ ಇದ್ದ ರಿಲೇ ಹಾಕಿ ನೋಡಿದ. ಕಂಪ್ರೆಸರೇ ಜಾಮ್ ಆಗಿದೆ ಅಕ್ಕ, ಆದರೆ ನಾನು ಪೈಪ್ ಮುಟ್ಟಲ್ಲ, ಕಾರ್ಡ್ ಹುಡುಕಿ ಎಂದ. 150 ತಗೊಂಡ. ಕಾರ್ಡ್ ಅಪ್ಪನ ಫೈಲಿನಲ್ಲಿ ಬಿಲ್ ಜೊತೆ ಪಿನ್ ಮಾಡಿಟ್ಟಿತ್ತು. ಕಂಪ್ರೆಸರ್‌ಗೆ 10 ವರ್ಷ. ಕಾರ್ಡಿನ ನಂಬರ್‌ಗೆ ಫೋನ್ ಮಾಡಿದೆವು. ಕಂಪ್ರೆಸರ್‌ಗೆ ದುಡ್ಡಿಲ್ಲ, ಗ್ಯಾಸ್, ಫಿಲ್ಟರ್, ಕೂಲಿಗೆ 2,300 ಎಂದಿದ್ದಾರೆ. ಇದು ಸರಿಯಾದ ರೇಟಾ ಅಣ್ಣ?

ಹಳೇ ವೈಂಡರ್, ಅರಸೀಕೆರೆ:

ಒಪ್ಪಬಹುದು ತಂಗಿ. ಕಂಪ್ರೆಸರ್ ಬದಲಿಸಿದಾಗ ಗ್ಯಾಸ್‌ನಲ್ಲಿರುವ ತೇವ, ಕಸ ಹಿಡಿಯುವ ಫಿಲ್ಟರ್ ಡ್ರೈಯರ್ ಬದಲಿಸಲೇಬೇಕು, ಅದು ಸುಮ್ನೆ ಸೇರಿಸಿದ್ದಲ್ಲ. ಗ್ಯಾಸ್ ಹಾಕುವ ಮೊದಲು ವ್ಯಾಕ್ಯೂಮ್ ಪಂಪ್ ಹಚ್ಚುತ್ತಾರಾ ನೋಡಿಕೊಳ್ಳಿ. ಒಳಗೆ ಗಾಳಿ, ತೇವ ಉಳಿದರೆ ಹೊಸ ಕಂಪ್ರೆಸರ್ ಕೂಡ ಬಾಳಿಕೆ ಬರುವುದಿಲ್ಲ. ಬಿಲ್‌ನಲ್ಲಿ ಕಂಪ್ರೆಸರ್ ನಂಬರ್ ಬರೆಸಿಕೊಳ್ಳಿ. ಆ ಹುಡುಗನ ನಂಬರ್ ಅಮ್ಮನ ಫೋನಿನಲ್ಲಿ ಸೇವ್ ಮಾಡಿ. ಪೈಪ್ ಮುಟ್ಟಲ್ಲ ಅಂದನಲ್ಲ, ಅಂಥವನು ಸಿಗುವುದು ಕಷ್ಟ. ನಾಲ್ಕು ಮನೆಗೆ ಅವನ ಹೆಸರು ಹೇಳಿ.

ಹಾಸನದಿಂದ:

ಅಣ್ಣ, ನಮ್ಮ ಊರಲ್ಲಿ ಐಟಿಐನವರು ಯಾರ ಹೆಸರೂ ಹೇಳಲಿಲ್ಲ. ಬೇರೆ ದಾರಿ ಇದೆಯಾ? ವಾಷಿಂಗ್ ಮೆಷಿನ್, ಫ್ರಂಟ್ ಲೋಡ್. ನೀರು ಹೊರಗೆ ಹೋಗುತ್ತಿಲ್ಲ.

ಹಳೇ ವೈಂಡರ್, ಅರಸೀಕೆರೆ:

ಆರ್‌ಸೆಟಿ ಕೇಳಿ ನೋಡಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆ ಜಿಲ್ಲೆಯಲ್ಲಿ ನಡೆಸುವ ತರಬೇತಿ ಕೇಂದ್ರ. ಹಳ್ಳಿ ಹುಡುಗರಿಗೆ ಊಟ, ವಸತಿ ಕೊಟ್ಟು ಪುಕ್ಕಟೆ ಕಲಿಸುತ್ತಾರೆ. ಮೋಟಾರ್ ರಿವೈಂಡಿಂಗ್, ಫ್ರಿಜ್ ರಿಪೇರಿ ಕೂಡ ಅದರಲ್ಲಿದೆ. ಕಲಿತವರು ಸ್ವಂತ ಕೆಲಸ ಹಿಡಿದರಾ ಅಂತ ಆಮೇಲೂ ವಿಚಾರಿಸುತ್ತಿರುತ್ತಾರೆ. ಹಾಗಾಗಿ ನಿಮ್ಮ ತಾಲ್ಲೂಕಿನಲ್ಲಿ ಯಾರಿದ್ದಾರೆ ಅಂತ ಕೇಳಿದರೆ ಹೇಳುತ್ತಾರೆ.

ಅದಕ್ಕೂ ಮುಂಚೆ ಮೆಷಿನ್ ಪ್ಲಗ್ ತೆಗೆದು, ನೀರು ಬಿಸಿ ಇದ್ದರೆ ಆರಲು ಬಿಡಿ. ಮುಂದೆ ಕೆಳಗಡೆ ಮೂಲೆಯಲ್ಲಿ ಚಿಕ್ಕ ಮುಚ್ಚಳ ಇದೆಯಾ ನೋಡಿ. ಒಳಗೆ ತಿರುಗಿಸುವ ಫಿಲ್ಟರ್ ಇರುತ್ತದೆ. ಅಗಲವಾದ ತಟ್ಟೆ ಇಟ್ಟು, ಹಳೇ ಟವೆಲ್ ಹಾಸಿ, ನಿಧಾನ ಬಿಚ್ಚಿ. ನಿಂತ ನೀರೆಲ್ಲ ಬರುತ್ತದೆ. ನಾಣ್ಯ, ಹೇರ್‌ಪಿನ್, ಪಂಚೆಯ ನೂಲು, ಏನು ಸಿಗುತ್ತದೋ ತೆಗೆದು, ಒಳಗಿನ ಚಿಕ್ಕ ರೆಕ್ಕೆ ಬೆರಳಿಗೆ ತಿರುಗುತ್ತದಾ ನೋಡಿ. ತಿರುಗಿದರೆ ಫಿಲ್ಟರ್ ಬಿಗಿಯಾಗಿ ಹಾಕಿ ಒಂದು ಸಲ ಬರೀ ನೀರಲ್ಲಿ ಓಡಿಸಿ. ಆಗಲೂ ನೀರು ಹೋಗದಿದ್ದರೆ ಡ್ರೈನ್ ಪೈಪ್ ಮಡಚಿಕೊಂಡಿದೆಯಾ ನೋಡಿ, ಮತ್ತೆ ಇಲ್ಲೇ ಬರೆಯಿರಿ. ಮಾಡೆಲ್ ನಂಬರ್ ಮರೆಯಬೇಡಿ.