ಮನೆಯವರ ಗುಂಪಿನಲ್ಲಿ ತಂತಿಯ ಸರ್ಕಸ್

ನಾನು: 1961ರಲ್ಲಿ ಚಿತ್ರೀಕರಿಸಿದ ವಿಡಿಯೊ ಕಳುಹಿಸಿದ್ದೇನೆ. ಅರವತ್ತು ದಾಟಿದ ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ನೆಲದ ಮೇಲೆ ಕುಳಿತು ತಾನೇ ಮಾಡಿದ ಸರ್ಕಸ್ಸನ್ನು ಆಡಿಸುತ್ತಾನೆ. ದಯವಿಟ್ಟು ಪೂರ್ತಿ ನೋಡಿ.

ಚಿಕ್ಕಪ್ಪ: ಎರಡು ನಿಮಿಷ ನೋಡಿದೆ. ಬೆಳೆದ ಗಂಡಸು ಬೊಂಬೆಯಾಟ ಆಡುತ್ತಿದ್ದಾನೆ. ಇದರಲ್ಲಿ ಕಲೆ ಎಲ್ಲಿದೆ?

ನಾನು: ಚಿಕ್ಕಪ್ಪ, ಅವನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. 1926ರಲ್ಲಿ ಪ್ಯಾರಿಸ್ಸಿಗೆ ಹೋಗಿ ತಂತಿ, ಬಿರಡೆ, ಬಟ್ಟೆಯ ಚೂರು, ದಾರ ಸೇರಿಸಿ ಇದನ್ನು ಕಟ್ಟತೊಡಗಿದ. ಡೇರೆ ಇಲ್ಲ, ಆನೆ ಸಾಗಿಸುವ ಲಾರಿ ಇಲ್ಲ. ವಾಸದ ಕೋಣೆಯ ನೆಲವೇ ಅಖಾಡ. ಮಿರೊ, ಮೊಂಡ್ರಿಯನ್, ಡುಶಾಂಪ್‌ರಂಥ ಹೆಸರಾಂತ ಕಲಾವಿದರು ಅಲ್ಲಿಗೇ ಬಂದು ನೋಡಿದರು.

ಅತ್ತೆ: ದೊಡ್ಡವರು ನೋಡಿದ ಮಾತ್ರಕ್ಕೆ ಯಾವುದೂ ದೊಡ್ಡದಾಗುವುದಿಲ್ಲ. ಜಾತ್ರೆಯಲ್ಲಿ ಹಗ್ಗದ ಮೇಲೆ ನಡೆಯುವ ಹುಡುಗಿ ಬಿದ್ದರೆ ಮೂಳೆ ಮುರಿಯುತ್ತದೆ. ತಂತಿಯ ಬೊಂಬೆ ಬಿದ್ದರೆ ಎತ್ತಿಡುತ್ತಾರೆ, ಅಷ್ಟೆ. ಎದೆ ನಡುಗದಿದ್ದರೆ ಅದೆಂಥ ಸರ್ಕಸ್?

ನಾನು: ಅತ್ತೆ, ಟ್ರಪೀಜ್ ಬರುವ ತನಕ ನೋಡಿದಿರಾ? ಬೊಂಬೆ ಒಂದು ಉಯ್ಯಾಲೆಯಿಂದ ಕಳಚಿಕೊಂಡು ಇನ್ನೊಂದನ್ನು ಹಿಡಿಯಬೇಕು. ತೂಕವೂ ವೇಳೆಯೂ ಕೂಡಿ ಬಂದರೆ ಮಾತ್ರ ಸಿಗುತ್ತದೆ. ತಪ್ಪಿದರೆ ಅವನು ಮತ್ತೆ ತೂಗುತ್ತಾನೆ. ನನ್ನ ಕಾಫಿ ಲೋಟದಲ್ಲೇ ಆರಿಹೋಯಿತು. ಅವನು ಮುಂದೆ ಮಾಡಿದ ಚಲಿಸುವ ಶಿಲ್ಪಗಳಿಗೆ ಡುಶಾಂಪ್ 1931ರಲ್ಲಿ ‘ಮೊಬೈಲ್’ ಎಂದು ಹೆಸರಿಟ್ಟ. ಆ ತೂಕದ ಲೆಕ್ಕ ಅವನ ಬೆರಳಿಗೆ ಹತ್ತಿದ್ದು ಈ ಆಟದಲ್ಲೇ ಎಂದು ನನ್ನ ನಂಬಿಕೆ. ಇನ್ನು ಬೀಳುವ ಮಾತು. ಈ ಸರ್ಕಸ್ಸಿನಲ್ಲಿ ಆಯುಧ ಎಸೆಯುವವನ ಗುರಿ ತಪ್ಪಿ ಸಹಾಯಕಿಗೆ ಪೆಟ್ಟಾಗುತ್ತದೆ. ಸ್ಟ್ರೆಚರ್ ಹೊತ್ತವರು ಬಂದು ಅವಳನ್ನು ಒಯ್ಯುತ್ತಾರೆ. ನೀವು ಹೇಳುವ ಆ ಹುಡುಗಿಯ ನೋವನ್ನು ಅವನು ಮರೆತಿರಲಿಲ್ಲ.

ಅಕ್ಕ: ಆದರೆ ಈಗ ಅದು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಪಾಲಾಗಿದೆ. ಯಾರೂ ಆಡಿಸುವುದಿಲ್ಲ. ಐದು ಸೂಟ್‌ಕೇಸುಗಳಲ್ಲಿ ಊರೂರಿಗೆ ಹೋಗುತ್ತಿದ್ದುದನ್ನು ಅಲುಗಾಡದಂತೆ ನಿಲ್ಲಿಸಿದ್ದಾರೆ. ಹಾಗೆ ನಿಂತರೆ ಅದು ಚಿಕ್ಕಪ್ಪ ಹೇಳಿದ ಬೊಂಬೆಯೇ ಅಲ್ಲವೆ?

ನಾನು: ಅಕ್ಕ, ಇದಕ್ಕೆ ನನ್ನ ಬಳಿ ಎದುರುತ್ತರವಿಲ್ಲ. ಅದಕ್ಕೇ ಫೋಟೊ ಬಿಟ್ಟು ವಿಡಿಯೊ ಕಳುಹಿಸಿದೆ. ಅವನ ದಪ್ಪ ಬೆರಳು ಮುಟ್ಟಬೇಕು, ಹೆಂಡತಿ ಲೂಯಿಸಾ ಗ್ರಾಮಫೋನ್ ಹಾಕಬೇಕು. ಆಗಲೇ ಬಿರಡೆಗೆ ಜೀವ.

ಚಿಕ್ಕಪ್ಪ: ಊಟವಾದ ಮೇಲೆ ಉಳಿದದ್ದನ್ನು ನೋಡುತ್ತೇನೆ. ಒಪ್ಪಿದೆನೆಂದು ತಿಳಿಯಬೇಡ.

ಅತ್ತೆ: ಸ್ಟ್ರೆಚರ್ ಬರುವುದು ಎಷ್ಟನೇ ನಿಮಿಷದಲ್ಲಿ?